ನಾಲಿಗೆ ಜರಿ ಸಾಕಿದ ಪುಕ್ಕಲಿಯ ಪಾಡು

ಹೆದರಿಕೊಳ್ಳುವವರನ್ನೇ ಹುಡುಕಿಕೊಂಡು ಬರುತ್ತವೆ ಇಂಥ ಫಜೀತಿಗಳು. ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ನನ್ನ ಎದೆ ಧಸಕ್ಕೆನ್ನುತ್ತೆ, ಹೆಡ್ಮಾಸ್ಟರು ಕೆಮ್ಮಿದರೂ ಧಸಕ್ಕೆನ್ನುತ್ತೆ. ಅಂಥವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡು ಗುಬ್ಬಿ, ತುಮಕೂರು, ಕುಣಿಗಲ್ ಅಂತ ವರ್ಗವಾದ ಕಡೆಗೆಲ್ಲ ಒಂದು ಗಿಡ ಹೊತ್ತುಕೊಂಡು ತಿರುಗಿದೆ.

ಅದರ ಹೆಸರು ನಾಲಿಗೆ ಜರಿ, ಫರ್ನ್ ಅಂತಾರಲ್ಲ, ಆ ಜಾತಿಯ ಜರಿಗಿಡ. ಹೂವಿಲ್ಲ, ಕಾಯಿಲ್ಲ, ವಾಸನೆಯೂ ಇಲ್ಲ. ಗೇಣುದ್ದದ ದಪ್ಪ ಎಲೆಗಳು ಒಂದೊಂದೇ ಮೇಲೆದ್ದು ನಾಲಿಗೆ ಚಾಚಿದ ಹಾಗೆ ನಿಂತಿರುತ್ತವೆ. ಮುಂದೆ ಕಡು ಹಸಿರು, ಹಿಂದೆ ಕಂದು ಬಣ್ಣ. ಹಿಂಭಾಗ ಮುಟ್ಟಿದರೆ ಹಳೇ ಕಂಬಳಿ ಮುಟ್ಟಿದ ಹಾಗಿರುತ್ತೆ. ಬಿಸಿಲು ಬಿದ್ದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತೆ, ನೀರು ಜಾಸ್ತಿಯಾದರೆ ಕೊಳೆಯುತ್ತೆ. ನನ್ನಷ್ಟೇ ಅಂಜುಬುರುಕ ಅಂತ ನನಗೆ ಅದರ ಮೇಲೆ ಪ್ರೀತಿ. ಆದರೆ ಅದನ್ನು ನೋಡಿ ಹೆದರದ ಜನ ನನಗೆ ಸಿಕ್ಕಿದ್ದು ಬಹಳ ಕಡಿಮೆ.

ಬಚ್ಚಲ ಮೂಲೆಯಲ್ಲಿ

ನನಗೆ ಮೊದಲ ಪೋಸ್ಟಿಂಗ್ ಗುಬ್ಬಿಯಲ್ಲಿ. ಎಪ್ಪತ್ತರ ದಶಕ, ಇನ್ನೂ ಮದುವೆಯಾಗಿರಲಿಲ್ಲ. ಒಂದು ವಠಾರದ ಹಿಂಭಾಗದಲ್ಲಿ ಒಂದೇ ಕೋಣೆ, ಮುಂದೆ ಮನೆ ಓನರ್ ದಂಪತಿ. ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ವರ್ಗವಾಗಿ ಹೋಗುವಾಗ ಮೂರು ಎಲೆ ಇದ್ದ ಒಂದು ತುಂಡು ಕೊಟ್ಟು, "ಮಣ್ಣಲ್ಲಿ ಹೂಳಬೇಡಿ ಮೇಡಂ, ಉಸಿರು ಕಟ್ಟುತ್ತೆ. ತೆಂಗಿನ ನಾರಿನ ಮೇಲೆ ಸುಮ್ಮನೆ ಕೂರಿಸಿ, ನೆರಳಲ್ಲಿಡಿ" ಅಂದಿದ್ದರು. ನೆರಳಿದ್ದದ್ದು ಬಚ್ಚಲ ಮೂಲೆಯಲ್ಲಿ ಮಾತ್ರ. ಅಲ್ಲೇ ಇಟ್ಟೆ.

ಆರೇಳು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಓನರಮ್ಮ ಬಚ್ಚಲಿಂದ ಕೂಗಿಕೊಂಡರು.

"ಟೀಚರಮ್ಮಾ! ಓಡ್ಬಾ! ಏನೋ ಕುಂತೈತೆ!"

ಓಡಿದೆ. ಕುಂಡದ ಅಂಚು ದಾಟಿ ಬೆರಳುದ್ದದ ಏನೋ ಒಂದು ಕೆಳಗೆ ಇಳಿಯುತ್ತಿತ್ತು. ಕೆಂಗಂದು ಬಣ್ಣ, ಮೈತುಂಬ ಕೂದಲು. ಎಲ್ಲಾ ಬಿಟ್ಟು ನನಗೆ ಕಂಬಳಿಹುಳು ಅಂದರೆ ಪ್ರಾಣ ಹೋಗುತ್ತೆ. ನಾನು ಒರಳುಕಲ್ಲು ಹತ್ತಿದೆ. ಓನರಮ್ಮ ಧೈರ್ಯಸ್ಥೆ, ಹಿಂದಕ್ಕೆ ಹಿಂದಕ್ಕೆ ನಡೆದೇ ಬಕೆಟ್ಟು ತಂದು, ಕುಂಡದ ಮೇಲೆ ದಬ್ಬಕ್ಕನೆ ಬೋರಲು ಹಾಕಿ, ಬಕೆಟ್ಟಿನ ಮೇಲೆ ರುಬ್ಬುಗುಂಡನ್ನೂ ಇಟ್ಟರು.

"ಅಲ್ಲಾಡ್ತಾ ಐತಾ ನೋಡು."

"ನೀವೇ ನೋಡಿ."

ಇಬ್ಬರೂ ನೋಡಲಿಲ್ಲ. ಸ್ನಾನವಿಲ್ಲ, ತಿಂಡಿಯಿಲ್ಲ, ಎರಡು ಗಂಟೆ ಕಾವಲು. ಹೊತ್ತು ಹೋದಷ್ಟೂ ಅದು ನಮ್ಮ ಮಾತಿನಲ್ಲೇ ಬೆಳೆಯುತ್ತಾ ಹೋಗಿ, ಆಕೆಯ ಯಜಮಾನರು ತೋಟದಿಂದ ಬರುವ ಹೊತ್ತಿಗೆ ಮೊಳದುದ್ದ ಆಗಿತ್ತು. ಅವರು ಬಕೆಟ್ಟೆತ್ತಿ ಬಗ್ಗಿ ನೋಡಿ, ಬರಿಗೈಯಲ್ಲೇ ಅದನ್ನು ಹಿಡಿದು ಅಲ್ಲಾಡಿಸಿದರು. ನಾವಿಬ್ಬರೂ ಕಿಟಾರನೆ ಕಿರುಚಿದೆವು.

"ಥೂ ನಿಮ್ಮ! ಗಿಡದ ಬೇರು ಕಣ್ರೇ ಇದು! ಕುಂಡ ಸಾಲ್ದೆ ಆಚೆ ಬಂದೈತೆ."

ನನಗೆ ನಾಚಿಕೆಯಾಯಿತು. ಓನರಮ್ಮನಿಗೆ ಮಾತ್ರ ಸ್ವಲ್ಪವೂ ಆಗಲಿಲ್ಲ.

"ಬೇರಾದ್ರೇನು?" ಅಂದರು. "ಕೂದಲು ಬಂದಿರೋ ಬೇರ ಮುಂದೆ ನಾನು ಸ್ನಾನ ಮಾಡಾಕಿಲ್ಲ. ಮೊದ್ಲು ಅದನ್ನ ಆಚೆಗಿಡು."

ಗಿಡಕ್ಕೆ ಅಮ್ಮ

ಹಾಗೆ ಬಚ್ಚಲಿಂದ ಆಚೆ ಬಿದ್ದ ಗಿಡವನ್ನು ಸ್ಕೂಲಿಗೆ ತಂದೆ. ಹೆಡ್ಮಾಸ್ಟರ ಕೋಣೆಯ ಕಿಟಕಿಗೆ ಬಿಸಿಲು ಬೀಳುತ್ತಿರಲಿಲ್ಲ, ಅಲ್ಲಿಟ್ಟೆ. ಚೆನ್ನಾಗಿ ಬಂತು. ಹೆಡ್ಮಾಸ್ಟರು ಖುಷಿಯಾಗಿ, "ಇನ್ಸ್‌ಪೆಕ್ಷನ್ ದಿವಸ ಟೇಬಲ್ ಮೇಲೇ ಇರಲಿ" ಅಂದರು.

ಇನ್ಸ್‌ಪೆಕ್ಷನ್ನಿಗೆ ಹಿಂದಿನ ದಿನ ಧೂಳು ಒರೆಸುತ್ತಿದ್ದ ಜವಾನ ಎಲೆಯೊಂದನ್ನು ತಿರುಗಿಸಿದವನು ಹಾಗೇ ನಿಂತುಬಿಟ್ಟ.

"ಮಿಸ್... ಗಿಡಕ್ಕೆ ಅಮ್ಮ ಆಗೈತೆ."

ಎಲೆಯ ಹಿಂಭಾಗದ ತುಂಬ ಸಾಸಿವೆ ಕಾಳಿನಂಥ ಕಂದು ಗುಳ್ಳೆ. ಒಂದೆಲೆಯಲ್ಲಲ್ಲ, ಎಲ್ಲಾ ಎಲೆಗಳಲ್ಲೂ. ಊರೂರಿಗೆ ಸಿಡುಬಿನ ಲಸಿಕೆ, ಅಂದರೆ ದಾಕು, ಹಾಕುವವರು ಬಂದು ಹೋಗುತ್ತಿದ್ದ ಕಾಲ; ಸಿಡುಬು ಅಂದರೆ ದೊಡ್ಡವರೂ ನಡುಗುತ್ತಿದ್ದರು. ನಾನು ಮೂರು ದಿನದಿಂದ ಅದನ್ನು ಮುಟ್ಟುತ್ತಿದ್ದೆನಲ್ಲ! ಅಂಗೈ ನೋಡಿಕೊಂಡೆ, ತುರಿಸಿದ ಹಾಗಾಯಿತು. ಜವಾನ ಆಗಲೇ ಬೇವಿನ ಸೊಪ್ಪು ತಂದು ಕುಂಡದ ಸುತ್ತ ಇಟ್ಟು ಕೈಮುಗಿದ. ಹೆಡ್ಮಾಸ್ಟರು ಒಳಗೆ ಬಂದು ನೋಡಿ ಬಿಳಿಚಿಕೊಂಡರು.

"ಗಿಡ ಇರುತ್ತೆ ಅಂತ ಸಾಹೇಬ್ರಿಗೆ ಹೇಳಿ ಕಳಿಸಿದೀನಮ್ಮ! ನಾಳೆ ಬೆಳಿಗ್ಗೆ ಒಂದೇ ಒಂದು ಚುಕ್ಕಿ ಕಾಣಬಾರದು."

ಸೀಗೆಕಾಯಿ ನೀರು, ಎರಡು ಹಳೇ ಹಲ್ಲುಜ್ಜುವ ಬ್ರಷ್ಷು. ಮೂಗಿಗೆ ಸೆರಗು ಸುತ್ತಿಕೊಂಡು ನಾನು, ಟವೆಲ್ ಸುತ್ತಿಕೊಂಡು ಜವಾನ, ಸಂಜೆಯವರೆಗೂ ಒಂದೊಂದು ಎಲೆಯ ಬೆನ್ನು ತಿಕ್ಕಿದೆವು. ಗುಳ್ಳೆಗಳ ಜೊತೆಗೆ ಕಂಬಳಿಯೂ ಹೋಗಿ, ಎಲೆ ಬೋಳು ಬೋಳಾಯಿತು.

ಬಂದ ಸಾಹೇಬರು ಸಸ್ಯಶಾಸ್ತ್ರ ಓದಿದವರಂತೆ. ಯಾರಿಗೆ ಗೊತ್ತಿತ್ತು! ಲೆಕ್ಕದ ಪುಸ್ತಕ ಬಿಟ್ಟು ನೇರ ಗಿಡದ ಹತ್ತಿರ ಹೋಗಿ, ಮಕ್ಕಳನ್ನು ಕರೆಸಿ, "ನೋಡ್ರಪ್ಪಾ, ಜರಿಗಿಡಕ್ಕೆ ಹೂವು ಬಿಡಲ್ಲ, ಬೀಜ ಬಿಡಲ್ಲ. ಎಲೆ ಹಿಂದೆ ಕಂದು ಚುಕ್ಕಿ ಇರುತ್ತೆ, ಅದರಿಂದಲೇ ಅದರ ಸಂತಾನ ಬೆಳೆಯೋದು" ಅಂತ ಎಲೆ ತಿರುಗಿಸಿದರು. ಏನೂ ಇಲ್ಲ. ಇನ್ನೊಂದು ತಿರುಗಿಸಿದರು, ಅದರಲ್ಲೂ ಇಲ್ಲ. ನಾನು ಬಾಗಿಲ ಹಿಂದೆ ಸರಿದೆ.

"ಏನ್ರೀ ಹೆಡ್ಮಾಸ್ಟ್ರೇ, ಇಷ್ಟು ಬಲಿತ ಗಿಡ, ಸಂತಾನದ ಸುಳಿವೇ ಇಲ್ವಲ್ರೀ!"

ಎಮರ್ಜೆನ್ಸಿಯ ಕಾಲ; ಆ ವರ್ಷ ಯಾವ ಅಧಿಕಾರಿ ಬಂದರೂ ಮೇಷ್ಟ್ರುಗಳನ್ನು ಗದರಿಸುತ್ತಿದ್ದದ್ದು ಒಂದೇ ವಿಷಯಕ್ಕೆ. ಹೆಡ್ಮಾಸ್ಟರಿಗೆ 'ಸಂತಾನ' ಅನ್ನುವ ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಬೆವರೊರೆಸಿಕೊಂಡು, ಅಟೆನ್ಷನ್ನಿನಲ್ಲಿ ನಿಂತು ಒದರಿದರು:

"ನಮ್ಮ ಸ್ಕೂಲಲ್ಲಿ ಕುಟುಂಬ ಯೋಜನೆ ಕಟ್ಟುನಿಟ್ಟು ಸಾರ್!"

ಹೊಸ ನಾಲಿಗೆ ಯಾರದು?

ಮದುವೆಯಾದ ಮೇಲೆ ತುಮಕೂರಿಗೆ ಬಂದೆ. ಬಟವಾಡಿಯಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯ ಗೋಡೆ ನಮ್ಮ ಮೊಗಸಾಲೆಗೆ ಇಡೀ ದಿನ ನೆರಳು ಕೊಡುತ್ತಿತ್ತು. ಗಿಡವನ್ನು ಕುಂಡದಿಂದ ಬಿಡಿಸಿ, ಹಲಸಿನ ಹಲಗೆಗೆ ತೆಂಗಿನ ನಾರು ಕಟ್ಟಿ ಅದರ ಮೇಲೆ ಹಬ್ಬಿಸಿ, ಹಲಗೆಯನ್ನು ಗೋಡೆಗೆ ತೂಗುಹಾಕಿದೆ. ಹತ್ತು ಹನ್ನೆರಡು ನಾಲಿಗೆ ಬೀದಿಯ ಕಡೆಗೆ ಚಾಚಿಕೊಂಡು ನಿಂತವು.

ಪಕ್ಕದ ಮನೆಯಾಕೆಗೆ ಐದು ವರ್ಷದ ಮಗಳು. ಬಾಯಿ ಬಿಟ್ಟರೆ ಸುಳ್ಳು. ಒಂದು ದಿನ ಆಕೆ ರೇಗಿ, ನಮ್ಮ ಗೋಡೆ ತೋರಿಸಿ, "ನೋಡಿದ್ಯೇನೇ? ಸುಳ್ಳು ಹೇಳಿದ ಮಕ್ಕಳ ನಾಲಿಗೆನೆಲ್ಲಾ ಮಿಸ್ಸು ಕಿತ್ತು ಅಲ್ಲಿ ಅಂಟಿಸವ್ರೆ!" ಅಂದಳು. ಇದು ಆಗ ನನಗೆ ಗೊತ್ತಿರಲಿಲ್ಲ. ಮಗು ನನ್ನನ್ನು ಕಂಡಾಗಲೆಲ್ಲ ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡುತ್ತಿತ್ತು. ಪಾಪ, ಹಲ್ಲು ನೋವಿರಬೇಕು ಅಂದುಕೊಂಡೆ.

ಅಲ್ಲಿಂದಾಚೆ ಆ ಮಗು ಸುಳ್ಳು ಹೇಳುವುದನ್ನೇ ಬಿಟ್ಟಿತು. ಬಿಟ್ಟಿದ್ದೇ ತಪ್ಪಾಯಿತು. ಆಕೆಯ ಅತ್ತೆ ಊರಿಂದ ಬಂದು ಬಾಗಿಲಲ್ಲಿ ನಿಂತು, "ನಿಮ್ಮಮ್ಮ ಎಲ್ಲೇ ಪುಟ್ಟಿ?" ಅಂದರೆ, "ಈಗ ಅಡಿಗೆ ಮನೇಲವ್ಳೆ. ಅಜ್ಜಿ ಒಳಕ್ಕೆ ಬಂದ್ರೆ ತಲೆನೋವು ಅಂತ ಮಲ್ಕೋತಾಳೆ" ಅಂತು. ಮಾರನೇ ದಿನ ಆಕೆಯ ನಾದಿನಿ ತನ್ನ ಸೀರೆ ಚೆನ್ನಾಗಿದೆಯಾ ಅಂತ ಕೇಳಿದಾಗಲೂ, ಅಮ್ಮ ಅದರ ಬಗ್ಗೆ ಏನಂದಿದ್ದಳೋ ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿತು.

ಮೂರನೇ ದಿನ ಮಗುವಿನ ತಾಯಿ ನಮ್ಮ ಮನೆಗೆ ಬಂದಳು. ಅತ್ತೂ ಅತ್ತೂ ಕಣ್ಣು ಊದಿತ್ತು. ನಡೆದದ್ದನ್ನೆಲ್ಲ ಹೇಳಿ, "ನಿಮ್ಮ ದಮ್ಮಯ್ಯ ಮಿಸ್, ಆ ಗಿಡ ಒಳಗಿಡಿ, ನನ್ನ ಸಂಸಾರ ಉಳಿಸಿ" ಅಂದಳು.

ಮಗುವನ್ನು ಕರೆದು ಹಲಗೆಯ ಹತ್ತಿರ ಎತ್ತಿಕೊಂಡು, "ಇದು ಎಲೆ ಕಣೇ ಚಿನ್ನ, ಮುಟ್ಟಿ ನೋಡು" ಅಂದೆ. ಅದರ ಎದೆ ಗುಬ್ಬಚ್ಚಿ ಥರ ಹೊಡೆದುಕೊಳ್ಳುತ್ತಿತ್ತು. ಮುಟ್ಟಲಿಲ್ಲ. ತುದಿಯಲ್ಲಿ ಆಗತಾನೇ ಬಿಚ್ಚಿಕೊಳ್ಳುತ್ತಿದ್ದ ಎಳೇ ಎಲೆಯನ್ನೇ ನೋಡುತ್ತಾ, ಬಾಯಿಗೆ ಅಡ್ಡ ಇಟ್ಟ ಕೈ ತೆಗೆಯದೆ ಕೇಳಿತು:

"ಈ ಹೊಸಾದು ನಮ್ಮಮ್ಮಂದಾ ಮಿಸ್?"

ಗೋಣಿಚೀಲ

ಎಂಬತ್ತರ ದಶಕದ ನಡುವೆ ಕುಣಿಗಲ್ಲಿಗೆ ವರ್ಗವಾಯಿತು. ನಮ್ಮ ಯಜಮಾನರು ಸಾಮಾನಿನ ಲಾರಿ ಹತ್ತಿ ಮೊದಲೇ ಹೋದರು. ಲಾರಿಯ ಬಿಸಿಲಿಗೆ ಗಿಡ ಒಣಗುತ್ತೆ ಅಂತ ನಾನೇ ಇಟ್ಟುಕೊಂಡೆ. ಬೆಳಿಗ್ಗೆ ಹಲಗೆಯನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದು, ಹಳೇ ಪಂಚೆ ಸುತ್ತಿ, ಗೋಣಿಚೀಲದಲ್ಲಿ ಕಟ್ಟಿ ಬಸ್ಸು ಹತ್ತಿದೆ. ಹನ್ನೊಂದು ಗಂಟೆಯೊಳಗೆ ಡ್ಯೂಟಿಗೆ ರಿಪೋರ್ಟ್ ಆಗಬೇಕು. ತಡವಾದರೆ ಏನು ಗತಿ ಅನ್ನುವ ಭಯಕ್ಕೆ ಗಳಿಗೆಗೊಮ್ಮೆ ವಾಚು ನೋಡಿಕೊಳ್ಳುತ್ತಿದ್ದೆ.

ಪಕ್ಕದಲ್ಲಿ ಯಡಿಯೂರಿಗೆ ಹೊರಟಿದ್ದ ಹಿರಿಯರೊಬ್ಬರು, ಮಡಿ ಮಾಡಿದ ಬಿಳೀ ಪಂಚೆಯಲ್ಲಿ. ಹೆಬ್ಬೂರು ದಾಟಿರಬೇಕು, ಅವರು ತಟ್ಟನೆ ಮಂಡಿ ಮುಟ್ಟಿ ನೋಡಿಕೊಂಡರು. ಪಂಚೆಯ ಮೇಲೆ ಕೆಂಪು ಕಲೆ. ನಾರು ನೆನೆದ ನೀರು ಕೆಂಪಗಿರುತ್ತೆ. ಅದು ತಲೆ ಮೇಲಿನ ಕ್ಯಾರಿಯರಿನಲ್ಲಿ ಇಟ್ಟಿದ್ದ ಗೋಣಿಯಿಂದ ತೊಟ ತೊಟ ಅಂತ ಅವರ ಮೇಲೆ ಬೀಳುತ್ತಿತ್ತು.

"ಚೀಲದಾಗೆ ಏನವ್ವ?"

ಇಂಜಿನ್ನಿನ ಗದ್ದಲ. ನನಗೋ ಡ್ಯೂಟಿ ಚಿಂತೆ. "ನಾಲಿಗೆ..." ಅಂದೆ. 'ಜರಿ' ಅಂದದ್ದು ಅವರಿಗೆ ಕೇಳಿಸಲಿಲ್ಲ ಅಂತ ಕಾಣುತ್ತೆ.

"ನಾಲಿಗೆನಾ? ಎಷ್ಟವೆ?"

"ಹದಿನೇಳು."

ಹಿಂದಿನ ಸೀಟಿನವರು ಕತ್ತು ಮುಂದೆ ಚಾಚಿದರು. ಹಿರಿಯರು ಒಂದಿಷ್ಟು ಸರಿದು ಕೂತು, "ಯಾರವು?" ಅಂದರು.

"ಮೊದಲಿನ ಮೂರು ನಮ್ಮ ಡ್ರಾಯಿಂಗ್ ಮೇಷ್ಟ್ರದು. ಮಿಕ್ಕಿದ್ದೆಲ್ಲ ನಾನೇ ಮಾಡಿಕೊಂಡಿದ್ದು."

"ಕೆಡಾಕಿಲ್ವಾ?"

"ಇಲ್ಲ. ತಣ್ಣಗೆ ನೆರಳಲ್ಲಿ ತೂಗುಹಾಕಿದ್ರೆ ವರ್ಷಗಟ್ಟಲೆ ಇರುತ್ತೆ. ನೀರು ಜಾಸ್ತಿ ಆದ್ರೆ ಮಾತ್ರ ಕೊಳೆತು ನಾರುತ್ತೆ."

ಹಿರಿಯರು ಎದ್ದರು. ಹಿಂದಿನ ಸೀಟಿನವರೂ ಎದ್ದರು. ನಾನು, ಅಯ್ಯೋ, ಸ್ಟಾಪು ಬಂತೇನೋ ಅಂದುಕೊಂಡೆ. ಕಂಡಕ್ಟರು ಬಂದವನು ಕೆಳಗೆ ಹರಿಯುತ್ತಿದ್ದ ಕೆಂಪು ನೀರು ನೋಡಿ, ಹಿಂದಿರುಗಿ ಡ್ರೈವರ ಕಿವಿಯಲ್ಲಿ ಏನೋ ಹೇಳಿದ. ಬಸ್ಸು ಎಲ್ಲೂ ನಿಲ್ಲದೆ ಹಾರಿಕೊಂಡು ಹೋಗಿ, ರಸ್ತೆ ಪಕ್ಕದ ಪೊಲೀಸ್ ಔಟ್‌ಪೋಸ್ಟಿನ ಮುಂದೆ ಗಕ್ಕನೆ ನಿಂತಿತು.

ಪೊಲೀಸರನ್ನು ಕಂಡರೆ ಏನೂ ಮಾಡದಿದ್ದರೂ ನಾನು ರಸ್ತೆಯ ಆಚೆ ಬದಿಗೆ ಹೋಗುವವಳು. ಕೆಳಗಿಳಿದು ಚೀಲ ನೆಲದ ಮೇಲಿಟ್ಟೆ. ಬಸ್ಸಿನ ಜನ ಎಲ್ಲಾ ಮಾರು ದೂರದಲ್ಲಿ ಗುಂಪಾಗಿ ನಿಂತರು. ಇದ್ದವನು ಒಬ್ಬನೇ ಪೇದೆ, ನನಗಿಂತ ಜಾಸ್ತಿ ಬೆವರಿದ್ದ.

"ಬಿಚ್ಚು."

ನೆನೆದು ಬಿಗಿದಿದ್ದ ಗಂಟು ಬಿಚ್ಚಲಾಗಲಿಲ್ಲ. ಅವನೇ ಲಾಠಿ ತುದಿಯಿಂದ ಚೀಲದ ಬಾಯಿ ಮೀಟಿದ. ಒಂದೆಲೆಯ ತುದಿ, ಕಂದು ಬಣ್ಣದ್ದು, ಮೆಲ್ಲಗೆ ಆಚೆ ಇಣುಕಿತು. ಗುಂಪಿನಲ್ಲಿ ಯಾರೋ "ಶಿವ ಶಿವಾ" ಅಂದರು. ಪೇದೆ ಲಾಠಿ ಎತ್ತಿದ. ಅಷ್ಟು ವರ್ಷ ಕಾಪಾಡಿದ ಗಿಡ! ಭಯದಲ್ಲಿ ಬಾಯಿಗೆ ಬಂದದ್ದು ಕೂಗಿಬಿಟ್ಟೆ:

"ಹೊಡೀಬೇಡಿ! ಅವಕ್ಕೆ ಇನ್ನೂ ಜೀವ ಇದೆ!"

ಪೇದೆ ಲಾಠಿ ಬಿಸಾಕಿ ಔಟ್‌ಪೋಸ್ಟಿನೊಳಗೆ ಓಡಿ ಬಾಗಿಲು ಹಾಕಿಕೊಂಡ.

ಆಮೇಲೆ ನಾನೇ ಅಳುತ್ತಾ ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿ, ಹಲಗೆ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ಹದಿನೇಳು ಹಸಿರೆಲೆ ಗಾಳಿಗೆ ಅಲ್ಲಾಡಿದವು. ಪೇದೆ ಕಿಟಕಿಯಿಂದಲೇ, "ಹೊರಡ್ರೀ, ಹೊರಡ್ರೀ, ಟ್ರಾಫಿಕ್ ಆಗ್ತದೆ" ಅಂದ. ರಸ್ತೆಯಲ್ಲಿ ಒಂದು ಎತ್ತಿನ ಗಾಡಿಯೂ ಇರಲಿಲ್ಲ.

ಬಸ್ಸು ಹತ್ತಿ ಕೂತೆವು. ಹಿರಿಯರು ಪಂಚೆಯ ಕಲೆ ಉಜ್ಜುತ್ತಾ ಉಜ್ಜುತ್ತಾ ಸಿಟ್ಟಾಗಿ ನನ್ನ ಕಡೆ ತಿರುಗಿದರು.

"ಅಲ್ಲ ಕಣವ್ವ, ಗಿಡ ಅಂತ ಮೊದಲೇ ಹೇಳಾಕೆ ನಿನ್ನ ಬಾಯಾಗೆ ನಾಲಿಗೆ ಇರ್ಲಿಲ್ವಾ?"

ನಾನು ಬಾಯಿ ಬಿಡುವ ಮೊದಲೇ ಕಂಡಕ್ಟರು ರೈಟ್ ಕೊಟ್ಟು ಹೇಳಿದ:

"ಸುಮ್ಕಿರಿ ಯಜಮಾನ್ರೇ, ಅದನ್ನೂ ಸೇರಿಸಿದ್ರೆ ಹದಿನೆಂಟಾಗ್ತಿತ್ತು."