ಅತ್ತೆಗೆ ವಾಂತಿ, ಸೊಸೆಗೆ ಔಷಧಿ

ಮನೆಯಲ್ಲಿ ಒಬ್ಬ ಹೆಣ್ಣುಮಗಳು ಮುಂಜಾನೆ ಎದ್ದು ಓಕರಿಸಿದಳು ಅಂದರೆ ಸಾಕು, ಓಣಿಯಲ್ಲಿದ್ದವರೆಲ್ಲ ವೈದ್ಯರಾಗುತ್ತಾರೆ. ನನ್ನ ಸೊಸೆಯ ಕಾಲಕ್ಕೂ ಹಾಗೇ ಆಯಿತು, ಮೊನ್ನೆ ಮೊಮ್ಮಗಳ ಕಾಲಕ್ಕೂ ಹಾಗೇ ಆಯಿತು. ಒಬ್ಬಾಕೆ ಶುಂಠಿ ಅಂತಾಳೆ, ಒಬ್ಬಾಕೆ ಜೀರಿಗೆ ಅಂತಾಳೆ, ಮೂರನೆಯಾಕೆ ಬಂದು ಅವೆರಡನ್ನೂ ಚೆಲ್ಲು ಅಂತಾಳೆ. ಆದರೆ ನನ್ನ ಕಾಲಕ್ಕೆ ಆದಂಥ ಗದ್ದಲ ಮತ್ತೆ ಯಾರ ಪಾಲಿಗೂ ಬರಲಿಲ್ಲ. ಆಗ ನಮ್ಮ ಭಾಲ್ಕಿ ನಿಜಾಮನ ಕೈಯಲ್ಲಿತ್ತು, ನನ್ನ ಹೊಟ್ಟೆ ನಮ್ಮ ಅತ್ತೆಯ ಕೈಯಲ್ಲಿತ್ತು.

೧. ಕುಡಿದು ಬಂದ ಔಷಧಿ

ನನಗೆ ಅದು ಎರಡನೇ ಬಸಿರು. ಮೊದಲನೆಯದು ಎರಡು ತಿಂಗಳಿಗೇ ಹೋಗಿತ್ತು. ಆ ಸಲ ಅತ್ತೆ ಹಿಗ್ಗಿನಲ್ಲಿ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದಕ್ಕೇ ದೃಷ್ಟಿ ತಾಕಿತು ಅಂತ ತಮ್ಮನ್ನು ತಾವೇ ಬೈದುಕೊಂಡು ವರ್ಷವಿಡೀ ಕೊರಗಿದರು. ಈ ಸಲ ನಾನು ಹಂಚಿನ ಮೇಲೆ ರೊಟ್ಟಿ ಹಾಕಿ, ಅದರ ವಾಸನೆಗೇ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ ದಿನವೇ ರಟ್ಟೆ ಹಿಡಿದು ಹೇಳಿದರು:

"ಮೂರು ತಿಂಗಳು ತುಂಬೂತನಾ ಯಾರ ಮುಂದೂ ಉಸುರು ಬಿಡಬ್ಯಾಡ. ನಿನ್ನ ಗಂಡಗ ಗೊತ್ತಿದ್ರ ಸಾಕು. ನಿಮ್ಮ ಮಾವಗ ಅಂತೂ ಹೇಳಲೇಬ್ಯಾಡ. ಅವರು ಕಟ್ಟಿ ಮ್ಯಾಲೆ ಕುಂತು ಎತ್ತಿಗೂ ಹೇಳ್ತಾರ."

ಗುಟ್ಟು ಹೊಟ್ಟೆಯಲ್ಲಿ ನಿಂತಿತು. ಬೇರೆ ಏನೂ ನಿಲ್ಲಲಿಲ್ಲ. ನೀರು ಕುಡಿದರೂ ವಾಪಸ್, ಮಜ್ಜಿಗೆ ಕುಡಿದರೂ ವಾಪಸ್. ಮುಂಗೈಯಲ್ಲಿದ್ದ ಬಳೆ ಮೊಣಕೈತನಕ ಏರತೊಡಗಿದವು. ತಾಯಿಯ ಹೊಟ್ಟೆಯಲ್ಲಿ ತುತ್ತು ನಿಲ್ಲದಿದ್ದರೆ ಕೂಸು ಹೇಗೆ ನಿಂತೀತು ಅಂತ ಅತ್ತೆಗೆ ಅದೇ ಚಿಂತೆ. ಔಷಧಿ ಕೇಳಬೇಕು, ಕೇಳಿದರೆ ಗುಟ್ಟು ಹೋಗುತ್ತದೆ. ಕೊನೆಗೆ ಒಂದು ಉಪಾಯ ತೆಗೆದರು. ವಾಂತಿ ಆಗುತ್ತಿರುವುದು ತಮಗೇ ಅಂತ ಹೇಳಿಕೊಂಡು ಹೊರಟರು.

ಮಗ್ಗುಲ ಮನೆಯ ಮುದುಕಿ ಹಸಿಶುಂಠಿ ಅರೆದು, ನಿಂಬೆ ಹಿಂಡಿ, ಬೆಲ್ಲ ಕದಡಿ ಬಟ್ಟಲು ತುಂಬಿಸಿದಳು.

"ಮನಿಗೆ ಒಯ್ದು ಕುಡೀತೀನಿ ಆಯಿ," ಅಂದರು ಅತ್ತೆ.

"ಮನಿಗೆ ಒಯ್ದ ಔಷಧ ಹಿತ್ತಲ ಗಿಡದ ಬುಡಕ್ಕ ಹೋಗ್ತದ. ನಂಗ ಗೊತ್ತಿಲ್ಲೇನು? ನನ್ನ ಮುಂದ ಕುಡಿ."

ಕುಡಿದರು. ಎರಡನೇ ಮನೆಯಲ್ಲಿ ಜೀರಿಗೆ ಕಷಾಯ, ಮೂರನೇ ಮನೆಯಲ್ಲಿ ಪುದೀನ ಅರೆದ ಮಜ್ಜಿಗೆ. ಎಲ್ಲ ಕಡೆಯೂ ಎದುರಿಗೆ ಕೂತು ಕುಡಿಸಿಯೇ ಕಳಿಸಿದರು. ಸಂಜೆ ಮನೆಗೆ ಬಂದು ನನ್ನ ಮುಂದೆ ಕೂತು ಉಸ್ಸೆಂದರು.

"ಮೂರೂ ಭಾಳ ಚಲೋ ಔಷಧ ಅವ ನೋಡವ್ವ. ಎಲ್ಲಾ ನಾನೇ ಕುಡದ ಬಂದೆ."

ನೋಡಿ ಬಂದದ್ದನ್ನು ಮನೆಯಲ್ಲಿ ಮಾಡಿ ಕೊಟ್ಟರೆ ನನಗೆ ಒಂದೂ ನಿಲ್ಲಲಿಲ್ಲ, ಮತ್ತೆ ಹೊಸದನ್ನು ಹುಡುಕುತ್ತ ಹೊರಟರು. ಹೀಗೇ ಹದಿನೈದು ದಿನ ನಡೆಯಿತು. ಶುಂಠಿ ಜೀರಿಗೆ ಬಿದ್ದ ಹೊಟ್ಟೆ ಸುಮ್ಮನಿರುತ್ತದೆಯೇ? ಅತ್ತೆಗೆ ಊಟಕ್ಕೆ ಎರಡು ರೊಟ್ಟಿ ಹೆಚ್ಚು ಬೇಕಾದವು. ನಾನು ಕಡ್ಡಿಯಾದೆ, ಅವರು ದುಂಡಗಾದರು. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ, "ಅವ್ವಾ, ನಿನಗ ಈಕಿ ಬಸಿರು ಹತ್ತೇದ" ಅಂದರು.

೨. ಹಕೀಮರ ಇಲಾಜು

ಅತ್ತೆಗೆ ವಾಂತಿ ಅನ್ನುವ ಸುದ್ದಿ ಓಣಿಯೆಲ್ಲ ಸುತ್ತಿ ಕಡೆಗೆ ನಮ್ಮ ಮಾವನ ಕಿವಿಗೂ ಬಿತ್ತು. ಪಾಪ, ಹೌಹಾರಿದರು. "ನಾಳಿ ಬೀದರಕ್ಕ ನಡಿ, ಹಕೀಮಸಾಬರಿಗೆ ತೋರಸ್ತೀನಿ." ಅತ್ತೆ ಒಲ್ಲೆ ಅನ್ನುವ ಹಾಗಿರಲಿಲ್ಲ. "ದಾರ್ಯಾಗ ಕೈ ಹಿಡೀಲಾಕ ಸೊಸಿ ಬೇಕ್ರಿ" ಅಂತ ನನ್ನನ್ನೂ ಹೊರಡಿಸಿದರು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ದಿನಗಳು ಅವು. ಮುಂಜಾನೆಯ ರೈಲಿಗೆ ಹೋಗಿ ಬೆಳಕಿದ್ದಾಗಲೇ ಮನೆ ಸೇರಬೇಕು. ಭಾಲ್ಕಿಯಿಂದ ಬೀದರದತನಕ ನಾನು ಕಿಟಕಿಯಿಂದ ತಲೆ ಒಳಗೆ ತಗೊಳ್ಳಲೇ ಇಲ್ಲ. ಕೈ ಹಿಡಿದವರು ಅತ್ತೆ.

ಹಕೀಮರು ಬಿಳಿ ಗಡ್ಡದ ಹಿರಿಯರು. ಅತ್ತೆಯ ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. "ಬಾಯಿಸಾಬ, ನಿಮ್ಮ ನಾಡಿ ಕುದರಿ ಓಡಿದಂಗ ಅದ. ಬ್ಯಾನಿ ಎಲ್ಲದ?" ಅಂದರು. ಅಷ್ಟರಲ್ಲಿ ಅವರ ಅಂಗಡಿಯ ಅತ್ತರಿನ ವಾಸನೆಗೆ ನಾನು ಒಮ್ಮೆ ಹೊರಗೆ ಓಡಿದೆ. ಬಂದು ಕೂತೆ. ಮತ್ತೊಮ್ಮೆ ಓಡಿದೆ. ಮೂರನೇ ಸಲ ಓಡಿ ಬರುವಷ್ಟರಲ್ಲಿ ಹಕೀಮರು ನನ್ನ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗಿನ ಮರೆಯಲ್ಲಿ ಎರಡೂ ಕೈ ಜೋಡಿಸಿದರು. ಹಕೀಮರು ಗಡ್ಡದಲ್ಲೇ ನಕ್ಕು ಮಾವನ ಕಡೆ ತಿರುಗಿದರು.

"ಅನಾರದ ಶರಬತ್ತು ಕೊಡ್ತೀನಿ, ಪುದೀನಾ ಹಾಕೀನಿ. ಮುಂಜಾನಿ ಹಾಸಿಗಿ ಬಿಟ್ಟು ಏಳೂ ಮೊದಲು ಎರಡು ಗುಟುಕು. ಸೊಸಿ ಕುಡೀಬೇಕು."

"ಬ್ಯಾನಿ ಅತ್ತಿಗೆ ಅದ, ಸೊಸಿ ಯಾಕ ಕುಡೀಬೇಕ್ರಿ ಹಕೀಮಸಾಬ?"

"ಸೊಸಿ ಕುಡದ್ರ ಅತ್ತಿಗೆ ಆರಾಮ ಆಗ್ತದ. ನಮ್ಮ ಅಜ್ಜನ ಕಾಲದ ಇಲಾಜು ಇದು."

ಆ ದಾಳಿಂಬೆ ಶರಬತ್ತು ಎರಡು ದಿನ ನನ್ನ ಹೊಟ್ಟೆಯಲ್ಲಿ ನಿಂತಿತು. ಮೂರನೇ ದಿನ ಅದೂ ವಾಪಸ್ ಬಂತು. ಆದರೆ ಅತ್ತೆ ನಗುನಗುತ್ತ ಓಡಾಡುವುದನ್ನು ಕಂಡು ಮಾವನಿಗೆ ಹಕೀಮರ ಮೇಲೆ ಭಕ್ತಿಯೇ ಬಂದುಬಿಟ್ಟಿತು. ಸೊಸೆ ಕುಡಿದರೆ ಅತ್ತೆಗೆ ಗುಣ ಅಂತ ಭಾಲ್ಕಿಗೆಲ್ಲ ಸಾರಿದರು. ವಾರದೊಳಗೆ ನಮ್ಮ ಓಣಿಯ ಇನ್ನೊಬ್ಬ ಅತ್ತೆ ತನ್ನ ಮೊಣಕಾಲು ನೋವಿಗೆ ಸೊಸೆಗೆ ಹರಳೆಣ್ಣೆ ಕುಡಿಸಿದಳು. ಮೊಣಕಾಲು ಹಾಗೇ ಇತ್ತು. ಸೊಸೆ ಮಾತ್ರ ದಿನವಿಡೀ ನೀರಿನ ಚರಗಿ ಹಿಡಿದುಕೊಂಡು ಬಯಲಿಗೆ ಓಡಿದಳು.

೩. ಬಾವಿಕಟ್ಟೆಯ ಲೆಕ್ಕ

ಅತ್ತೆಗೆ ವಾಂತಿ, ಮೈ ತುಂಬಿಕೊಂಡಿದೆ, ಗಂಡ ಬೀದರಕ್ಕೆ ಕರೆದುಕೊಂಡು ಹೋಗಿ ಬಂದಿದ್ದಾನೆ. ಬಾವಿಕಟ್ಟೆಯ ಹೆಂಗಸರು ಮೂರನ್ನೂ ಕೂಡಿಸಿದರು. ಒಂದು ದಿನ ಮುಂಜಾನೆ ನಾನು ಕೊಡ ಹಿಡಿದು ಹಿಂದೆ ನಿಂತಿದ್ದೆ. ಒಬ್ಬಾಕೆ ಅತ್ತೆಯ ಕೈಯಲ್ಲಿ ಏನೋ ತುರುಕಿದಳು. ಹುಣಸೆಹಣ್ಣು, ಜೀರಿಗೆ, ಬೆಲ್ಲ ಕೂಡಿಸಿ ಕುಟ್ಟಿದ ಉಂಡೆ.

"ಹುಳಿ ತಿನ್ನಕ್ಕಾ, ಬಾಯಿ ಸುದ್ದ ಆಗ್ತದ. ಎಷ್ಟಾದ್ವು?"

"ಏನು ಎಷ್ಟಾದ್ವು?"

"ತಿಂಗಳು! ನಾಚಿಕಿ ಯಾಕ? ನಮ್ಮ ದೊಡ್ಡವ್ವನೂ ಸೊಸಿ ಮನಿಗೆ ಬಂದ ಮ್ಯಾಲೇ ಹಡದಾಳ."

ಅತ್ತೆಯ ಮುಖ ಕೆಂಪಗಾಯಿತು. ಬಯ್ಯಲು ಬಾಯಿ ತೆರೆದವರು ನನ್ನ ಕಡೆ ತಿರುಗಿ ನೋಡಿದರು. ಮೊಣಕೈಗೆ ಏರಿದ್ದ ನನ್ನ ಬಳೆ ನೋಡಿದರು. ತೆರೆದ ಬಾಯಿ ಮುಚ್ಚಿ, ಮತ್ತೆ ತೆರೆದು, "ಎರಡು" ಅಂದರು.

ಅಡುಗೆಮನೆಗೆ ಬಂದವರೇ ಆ ಉಂಡೆಯನ್ನು ನನ್ನ ಕೈಗೆ ಕುಕ್ಕಿದರು. "ತಿನ್ನು! ನಲವತ್ತು ದಾಟಿದ ಮ್ಯಾಲೆ ನಿನ್ನ ಸಲುವಾಗಿ ನಾ ಬಸರಾದೆ. ಒಂದ ಚೂರೂ ಚೆಲ್ಲಬ್ಯಾಡ."

೪. ದಂಡಿನ ಮುಂದೆ

ಆ ಹೊತ್ತಿಗೆ ದಿಲ್ಲಿ ಸರ್ಕಾರದ ದಂಡು ಬಂತು, ನಿಜಾಮನ ರಾಜ್ಯ ಹೋಯಿತು. ಪೋಲೀಸ್ ಆಕ್ಷನ್ ಅಂತ ಅದರ ಹೆಸರು. ಅದರ ಹಿಂದೆಯೂ ಮುಂದೆಯೂ ಎಷ್ಟೋ ಮನೆಗಳಲ್ಲಿ ಅತ್ತರು, ಎರಡೂ ಕಡೆಯವರು ಅತ್ತರು. ಅದನ್ನು ನಗುವ ಮಾತಿನ ನಡುವೆ ತರಬಾರದು. ದಾರಿ ತೆರೆದ ಕೂಡಲೇ ಅತ್ತೆ ನನ್ನನ್ನು ತವರಿಗೆ ಮುಟ್ಟಿಸಲು ಹೊರಟರು. ನನ್ನ ತವರು ಔರಾದಿನ ಕಡೆ ಒಂದು ಹಳ್ಳಿ. ಹೆತ್ತವ್ವನ ಕೈಯಿಂದಾದರೂ ನಾಲ್ಕು ತುತ್ತು ನಿಂತಾವು ಅಂತ ಆಸೆ. ಬಂಡಿ ಹೊಡೆಯುವವರು ಮಾವ. ಗಂಡ ದನಕರು ನೋಡಿಕೊಂಡು ಮನೆಯಲ್ಲೇ ಉಳಿದರು.

ಅಷ್ಟರಲ್ಲಿ ನನಗೆ ಹೊಸ ಚಟ ಹತ್ತಿತ್ತು. ಒಲೆಯ ಕೆಮ್ಮಣ್ಣಿನ ವಾಸನೆ ಮೂಗಿಗೆ ಬಿದ್ದರೆ ಓಕರಿಕೆ ಇಳಿಯುತ್ತಿತ್ತು. ಮೊದಲು ಮೂಸಿದೆ, ಆಮೇಲೆ ಕಡಿದೆ. ಈಗಿನವರು ಯಾರೂ ಹಾಗೆ ಮಾಡಬೇಡಿ, ನಾನೇ ಬಯ್ಯುತ್ತೇನೆ. ಆಗ ಅತ್ತೆ ಕೆಮ್ಮಣ್ಣನ್ನು ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಒಲೆಯಲ್ಲಿ ಸುಟ್ಟು, ಒಂದೊಂದನ್ನೂ ಬೇರೆ ಬೇರೆ ಅರಿವೆಯಲ್ಲಿ ಸುತ್ತಿ ಗಂಟಿನ ತಳಕ್ಕೆ ಇಟ್ಟಿದ್ದರು. ಮಾವನಿಗೆ ಅದೂ ಗೊತ್ತಿರಲಿಲ್ಲ.

ದಾರಿಯಲ್ಲಿ ದಂಡಿನವರು ಬಂಡಿ ನಿಲ್ಲಿಸಿದರು. ಎತ್ತರದ ಆಳುಗಳು, ಹಿಂದಿ ಮಾತು. ಒಬ್ಬ ಗಂಟು ಬಿಚ್ಚಿದ. ಶುಂಠಿ ಬಂತು, ಜೀರಿಗೆ ಬಂತು, ಆಮೇಲೆ ಅರಿವೆಯಲ್ಲಿ ಸುತ್ತಿದ ಕರಿ ಉಂಡೆ ಬಂತು. ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಸುತ್ತಲಿದ್ದವರು ಬಂದೂಕು ಎತ್ತಿದರು. ಕೈಬಾಂಬು ಅಂದುಕೊಂಡಿದ್ದರು.

"ಯೇ ಕ್ಯಾ ಹೈ?"

ಮಾವ ಅತ್ತೆಯನ್ನು ಕೇಳಿದರು, "ಏನೇ ಇದು?"

ಅತ್ತೆ ಮೆಲ್ಲಗೆ, "ತಿನ್ಲಾಕ್ರಿ" ಅಂದರು.

"ಖಾನೇಕಾ ಹೈ ಸಾಬ್," ಅಂದರು ಮಾವ. ಅವರ ದನಿಯಲ್ಲಿ ಅವರಿಗೇ ನಂಬಿಕೆ ಇರಲಿಲ್ಲ.

"ಖಾಕೇ ದಿಖಾವ್."

ಅತ್ತೆ ಒಂದು ಉಂಡೆ ಎತ್ತಿ ಕಟಂ ಅಂತ ಕಡಿದರು. ಅಗಿದರು. ನುಂಗಿದರು. ಬಂದೂಕುಗಳು ಒಂದೊಂದಾಗಿ ಕೆಳಗಿಳಿದವು. ಅವರೊಳಗೆ ಹಿರಿಯನಾದ ಬಿಳಿಮೀಸೆಯವನು ಮುಂದೆ ಬಂದು, ಚೂರನ್ನು ಮುಟ್ಟಿ ನೋಡಿ, ಮಿಟ್ಟಿ, ಮಿಟ್ಟಿ ಅಂತ ಕಣ್ಣೊರೆಸಿಕೊಂಡ. ಇಲ್ಲಿಯ ಮಂದಿ ಮಣ್ಣು ತಿಂದು ಬದುಕಿದ್ದಾರೆ ಅಂದುಕೊಂಡು ಬಿಸ್ಕೀಟಿನ ಡಬ್ಬಿ ತರಿಸಿದ.

ಅದನ್ನು ಕಂಡು ಮಾವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಣ್ಣು ತಿನ್ನೂ ಮನಿ ಅಲ್ಲ ನಂದು! ನೆಲದಾಗ ಎರಡು ಹಗೇವು ತುಂಬ ಜ್ವಾಳ ಅದ!" ಅಂತ ಕೂಗಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು. ಕಣ್ಣಲ್ಲಿ ನೀರು ಬಂದಿತ್ತು. "ನಾ ನಿನಗ ಏನು ಕಡಿಮಿ ಮಾಡೀನಿ? ಯಾಕ ಮಣ್ಣು ತಿಂತಿ?"

ಬಾವಿಕಟ್ಟೆಯ ಮಾತು ನುಂಗಿದ್ದ ಅತ್ತೆಗೆ ಗಂಡನ ಕಣ್ಣೀರು ನುಂಗಲು ಆಗಲಿಲ್ಲ. ಎತ್ತು ಬೆದರುವ ಹಾಗೆ ಕೂಗಿದರು:

"ನಾ ತಿನ್ನಂಗಿಲ್ರಿ! ಆಕಿ ತಿಂತಾಳ! ಸೊಸಿ ಬಸರದಾಳ್ರಿ!"

ಹಾಗೆಂದು ಕೈಯಿಂದ ಗಾಳಿಯಲ್ಲಿ ಒಂದು ದೊಡ್ಡ ಹೊಟ್ಟೆ ಬರೆದು ನನ್ನ ಕಡೆ ತೋರಿಸಿದರು. ಬಿಳಿಮೀಸೆಯವನಿಗೆ ಅರ್ಥ ಆಗಲು ಕನ್ನಡ ಬೇಕಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕ. ತನ್ನ ಹೆಂಡತಿಯೂ ಮನೆಯ ಗೋಡೆ ಕೆರೆದು ತಿಂದಿದ್ದಳು ಅಂತ ಕೈಸನ್ನೆ ಮಾಡಿದ. ಡಬ್ಬಿಯನ್ನು ನನ್ನ ಮಡಿಲಿಗೇ ಇಟ್ಟು, ತಿನ್ನು ಅಂದ.

ಹೆದರಿಕೆಗೆ ಒಂದು ಕಡಿದೆ. ಗಟ್ಟಿ, ಒಣಾ, ಉಪ್ಪುಪ್ಪು, ವಾಸನೆಯೇ ಇಲ್ಲ. ಎರಡು ತಿಂದೆ, ನಾಲ್ಕು ತಿಂದೆ. ಅತ್ತೆ, ಮಾವ, ಅಷ್ಟೂ ಸಿಪಾಯಿಗಳು ನನ್ನ ಬಾಯಿಯನ್ನೇ ನೋಡುತ್ತ ನಿಂತರು. ಹೊಟ್ಟೆ ಒಮ್ಮೆ ಗುಡುಗಿತು, ಎಲ್ಲರೂ ಸರಿದು ನಿಂತರು. ಏನೂ ಬರಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ತಿಂದದ್ದು ನಿಂತಿತು! ಆ ದಿನದಿಂದ ಹಾಸಿಗೆಯಲ್ಲೇ ಕೂತು ಒಂದು ಒಣ ಖಡಕ್ ರೊಟ್ಟಿಯ ಚೂರು ಕಡಿದು ಆಮೇಲೆ ಏಳುತ್ತಿದ್ದೆ. ಯುಗಾದಿಯ ಹೊತ್ತಿಗೆ ಹಿರಿಮಗಳು ದುಂಡುದುಂಡಗೆ ಹುಟ್ಟಿದಳು.

ಆದರೆ ಅವತ್ತು ಬಂಡಿ ಇನ್ನೇನು ಹೊರಡಬೇಕು, ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಗುಟ್ಟನ್ನು ತಾವೇ ಕೂಗಿ ಹೇಳಿಬಿಟ್ಟದ್ದು ಆಗ ಅವರಿಗೆ ಹೊಳೆದಿತ್ತು. ಬಂಡಿಯಿಂದ ಧುಮುಕಿ, ಸೀದಾ ಹೋಗಿ ಬಿಳಿಮೀಸೆಯವನ ಮುಂದೆ ನಿಂತರು.

"ಅಣ್ಣಾ, ಮೂರು ತಿಂಗಳು ತುಂಬ್ಲಾಕ ಇನ್ನಾ ಎಂಟು ದಿನ ಬಾಕಿ ಅವ. ನಿಮ್ಮ ದಂಡಿನಾಗ ಯಾರಿಗೂ ಹೇಳಬ್ಯಾಡ್ರಿ."

ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಹೆಣ್ಣುಮಗಳು ಹರಸುತ್ತಿದ್ದಾಳೆ ಅಂದುಕೊಂಡು ಬೂಟು ಕುಟ್ಟಿ ಸಲಾಮು ಹೊಡೆದ. ಅತ್ತೆ ನಿಶ್ಚಿಂತೆಯಿಂದ ಬಂದು ಬಂಡಿ ಹತ್ತಿ, ಸೆರಗು ಸರಿ ಮಾಡಿಕೊಂಡು ಮಾವನಿಗೆ ಹೇಳಿದರು:

"ದಂಡಿನವರು ಮಾತು ಕೊಟ್ಟಾರ. ಇನ್ನ ನೀವೊಬ್ಬರು ಬಾಯಿ ಮುಚ್ಚಿಕೊಂಡ್ರ ಆತು ನೋಡ್ರಿ."