ಹಗ್ಗ ಹಿಡಿದ ಅಧ್ಯಕ್ಷರು

ನಮ್ಮ ಸೋದರಮಾವ ಓಣಿಯ ಸೇವಾ ಸಂಘಕ್ಕೆ ಅಧ್ಯಕ್ಷರಾಗಿದ್ದ ಅಷ್ಟೂ ಕಾಲದಲ್ಲಿ ಅವರು ಕುರ್ಚಿಯ ಮೇಲೆ ಕುಳಿತದ್ದನ್ನು ನಾನು ಒಮ್ಮೆಯೂ ಕಂಡವನಲ್ಲ. ರೋಗಿಗಳ ಚಾಪೆಯ ಮೇಲೆ ಮಲಗಿದ್ದನ್ನು ಕಂಡಿದ್ದೇನೆ. ಮಲಗಿಕೊಂಡೇ ಗಂಜಿ ಕುಡಿದು ಅಂಗಿಯನ್ನೆಲ್ಲ ತೋಯಿಸಿಕೊಂಡದ್ದನ್ನು ಕಂಡಿದ್ದೇನೆ. ಕಣ್ಣಿಗೆ ಹೆಗಲ ಮೇಲಿನ ವಲ್ಲಿ ಕಟ್ಟಿಕೊಂಡು ಎತ್ತಿನ ಹಿಂದೆ ಹೊರಟದ್ದನ್ನೂ ಕಂಡಿದ್ದೇನೆ! ಕುರ್ಚಿಯಲ್ಲಿ ಮಾತ್ರ ಇಲ್ಲ. ಹಾಗಾದರೆ ಹೊಸಬರು ಇವರೇ ಅಧ್ಯಕ್ಷರೆಂದು ಗುರುತಿಸುವುದು ಹೇಗೆ ಎನ್ನುತ್ತೀರಾ? ಬಲು ಸುಲಭ. ಕಾರ್ಯದರ್ಶಿಯ ಮುಖ ಎಲ್ಲಿ ಬಾಡಿದೆಯೋ ಅದರ ಪಕ್ಕದಲ್ಲಿ ನಿಂತವರೇ ಅಧ್ಯಕ್ಷರು. ಆ ಬಾಡಿದ ಮುಖ ನನ್ನದು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಗದಗಿನ ನಮ್ಮ ಓಣಿಯ ಕೆಲವು ಗುಮಾಸ್ತರು, ಮಾಸ್ತರರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ದೀಪಾವಳಿ ರಜೆಯಲ್ಲಿ ಶಾಲೆಗಳು ಖಾಲಿ ಇರುತ್ತಿದ್ದವಲ್ಲ, ಅಲ್ಲಿ ಕಣ್ಣಿನ ಶಿಬಿರ ನಡೆಸುವುದು ನಮ್ಮ ಕೆಲಸ. ಡಾಕ್ಟರು ಬಂದು ಪೊರೆ ತೆಗೆದು ಹೋಗುತ್ತಿದ್ದರು. ಹಾಸಿಗೆ, ಊಟ, ನೀರು, ರೋಗಿಗಳನ್ನು ಎಬ್ಬಿಸುವುದು, ಮಲಗಿಸುವುದು ಎಲ್ಲವೂ ನಮ್ಮ ತಲೆಯ ಮೇಲೆ. ಆಗಿನ ಆಪರೇಶನ್ ಈಗಿನಂತೆ ಕಾಫಿ ಕುಡಿದು ಮನೆಗೆ ಹೋಗುವಂಥದ್ದಲ್ಲ. ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಮಲಗಿಸುತ್ತಿದ್ದರು. ಆಮೇಲೆ ಎದ್ದು ಓಡಾಡುವ ಅಪ್ಪಣೆ ಸಿಕ್ಕರೂ ಪಟ್ಟಿ ಬಿಚ್ಚುತ್ತಿರಲಿಲ್ಲ. ಅಂಥವರಿಗೆಂದು ಮಲಗುವ ಕೋಣೆಯಿಂದ ಹಿಂದಿನ ತಟ್ಟಿಯ ಪಾಯಖಾನೆಯವರೆಗೆ ಗೂಟ ಬಡಿದು ಒಂದು ಹಗ್ಗ ಕಟ್ಟುತ್ತಿದ್ದೆವು. ಅದನ್ನು ಹಿಡಿದುಕೊಂಡು ಹೋಗಬೇಕು, ಹಿಡಿದುಕೊಂಡು ಬರಬೇಕು.

ನಮ್ಮ ಮಾವ ನಿವೃತ್ತ ಹೆಡ್ ಮಾಸ್ತರರು. ಇಡೀ ಆಯುಷ್ಯ ಮಕ್ಕಳ ಪರೀಕ್ಷೆ ತೆಗೆದುಕೊಂಡವರಿಗೆ ಒಮ್ಮೆಲೇ ಪರೀಕ್ಷೆ ತೆಗೆದುಕೊಳ್ಳಲು ಯಾರೂ ಇಲ್ಲವೆಂದಾದರೆ ಏನಾಗಬೇಕು? ಸಂಘದವರು ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು, ಅವರಿಗೆ ನಾನು ಸಿಕ್ಕೆ! ಮನೆಯಲ್ಲಿ ನನ್ನನ್ನು "ಲೇ" ಎಂದು ಕರೆಯುತ್ತಿದ್ದ ಮನುಷ್ಯ ಶಿಬಿರದಲ್ಲಿ "ಕಾರ್ಯದರ್ಶಿಗಳೇ, ಇಲ್ಲೆ ಬರ್ರಿ" ಎನ್ನುತ್ತಿದ್ದರು. ನಾನು ಅಭ್ಯಾಸಬಲದಿಂದ "ಏನ್ ಮಾಮಾ?" ಎಂದರೆ ಮುಗಿಯಿತು.

"ಇಲ್ಲಿ ನಾ ನಿಮ್ಮ ಮಾಮಾ ಅಲ್ರಿ. ಮಾಮಾ ಬೇಕಾದ್ರ ಮನಿಗೆ ಬರ್ರಿ, ಚಹಾ ಕುಡಸ್ತೀನಿ."

ಅವರ ಪರೀಕ್ಷೆಯ ರೀತಿಯೇ ಬೇರೆ. ನಾವು ಮಾಡಿದ ಯಾವ ಏರ್ಪಾಡನ್ನೂ ಅವರು ಕಣ್ಣಿನಿಂದ ನೋಡಿ ಒಪ್ಪುತ್ತಿರಲಿಲ್ಲ. "ಇಲ್ಲಿಗೆ ಬರೂ ಮಂದಿಗೆ ಕಣ್ಣ ಕಾಣೂದಿಲ್ಲ. ಕಣ್ಣಿದ್ದಾವಾ ನೋಡಿ ಛಲೋ ಐತಿ ಅಂದ್ರ ಏನ್ ಬಂತು?" ಎಂದು ಅವರ ವಾದ. ಆದ್ದರಿಂದ ಶಿಬಿರದ ಹಿಂದಿನ ದಿನ ಅವರೇ ರೋಗಿಯಾಗುತ್ತಿದ್ದರು. ಕೆಂಪು ಅಂಚಿನ ವಲ್ಲಿಯನ್ನು ಕಣ್ಣಿಗೆ ಬಿಗಿದು, ಪ್ರತಿ ಚಾಪೆಯ ಮೇಲೂ ಮಲಗಿ, ಮಗ್ಗುಲಾಗಿ, ಬೆನ್ನಿಗೆ ಚುಚ್ಚಿದ ಹರಳನ್ನು ಎತ್ತಿ ನನ್ನ ಕೈಗೆ ಕೊಡುತ್ತಿದ್ದರು. ಒಂದು ಶಿಬಿರ ಮುಗಿಯುವುದರೊಳಗೆ ನನ್ನ ಜೇಬಿನಲ್ಲಿ ಮನೆ ಕಟ್ಟುವಷ್ಟು ಹರಳು!

ಹರ್ತಿ ಊರಿನ ಶಿಬಿರದಲ್ಲಿ ಹೀಗೆ ಮಲಗಿ ನೋಡುತ್ತ ನೋಡುತ್ತ ಮಾವನಿಗೆ ನಿದ್ದೆಯೇ ಹತ್ತಿಬಿಟ್ಟಿತು. ಅಷ್ಟರಲ್ಲಿ ಒಂದು ದಿನ ಮೊದಲೇ ಬಂದಿದ್ದ ಅಜ್ಜಿಯೊಬ್ಬಳು ಪಕ್ಕದಲ್ಲಿ ಕೂತು, ಈ ಕಣ್ಣುಕಟ್ಟಿದ ಜೀವವನ್ನು ಕಂಡು ಮರುಗಿ, ತನ್ನ ಬುತ್ತಿಯಿಂದ ರೊಟ್ಟಿ ಮುರಿದು ಬಾಯಿಗಿಟ್ಟಳು. ಮಾವ ಎಚ್ಚೆತ್ತರು. ಪಟ್ಟಿ ಬಿಚ್ಚಿದರೋ? ಇಲ್ಲ! ಪೂರ್ತಿ ರೊಟ್ಟಿ ತಿಂದು ಮುಗಿಸಿದರು.

"ನಿನ್ನ ಹೊಲಾ ಯಾರು ನೋಡ್ತಾರಪಾ?" ಎಂದಳು ಅಜ್ಜಿ.

"ಹೊಲಾ ಇಲ್ಲಬೇ, ಕಾರ್ಯದರ್ಶಿ ಒಬ್ಬ ಅದಾನ. ಅವನ್ನ ನೋಡೂದ ನನಗ ದೊಡ್ಡ ಕೆಲಸ ಆಗೇತಿ."

ಅವಳು ಇನ್ನಷ್ಟು ಮರುಗಿ ಇನ್ನೊಂದು ರೊಟ್ಟಿ ತೆಗೆದಳು. ಅದೇ ಸಂಜೆ ಮಾವ ವಲ್ಲಿ ಕಟ್ಟಿಕೊಂಡು ಹಗ್ಗ ಹಿಡಿದು ಬರುವಾಗ ಬಾಗಿಲ ಹೊಸ್ತಿಲು ಎಡವಿ ಬೋರಲು ಬಿದ್ದರು. ಎಬ್ಬಿಸಲು ಓಡಿದ ನಮ್ಮನ್ನು ತಡೆದು, ಬಿದ್ದಲ್ಲಿಂದಲೇ ಆಜ್ಞೆ ಹೊರಡಿಸಿದರು. "ಕಾರ್ಯದರ್ಶಿಗಳೇ, ಹೊಸ್ತಿಲಾ ಬರೂಕಿಂತ ಒಂದ ಗೇಣು ಮೊದಲ ಹಗ್ಗಕ್ಕ ಗಂಟು ಹಾಕ್ರಿ. ಕೈಗೆ ಗಂಟು ಸಿಕ್ರ ಕಾಲು ಎತ್ತಿಡಬೇಕು ಅಂತ ಎಲ್ಲಾರಿಗೂ ಹೇಳ್ರಿ." ಅಂದಿನಿಂದ ಎಲ್ಲ ಶಿಬಿರಗಳಲ್ಲೂ ಹೊಸ್ತಿಲಿಗೊಂದು ಗಂಟು. ಅಷ್ಟಾದರೂ ಗಂಟಿನ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಯಾರಾದರೂ ಹಗ್ಗ ಹಿಡಿದು ಬಾಗಿಲ ಬಳಿ ಬಂದರೆ ಸಾಕು, ಎಲ್ಲಿದ್ದರೂ ಕೂಗುತ್ತಿದ್ದರು: "ಹೊಸ್ತಿಲಾ ಬಂತರೀ, ಕಾಲು ಎತ್ತಿಡ್ರಿ!" ಊಟಕ್ಕೆ ಕೂತಾಗ ಬಾಯಲ್ಲಿ ತುತ್ತಿದ್ದರೂ ಕೂಗುತ್ತಿದ್ದರು.

ಗಂಜಿಯ ಕಥೆ ಹೇಳಿದರೆ ನೀವು ನನ್ನ ಮೇಲೆ ಕನಿಕರ ಪಡುತ್ತೀರಿ. ನಾನು ಸ್ಟೀಲಿನ ಲೋಟಗಳನ್ನು ಜೋಡಿಸಿ ಸಂಭ್ರಮಪಡುತ್ತಿದ್ದೆ. ಮಾವ ನೆಲದ ಮೇಲೆ ಮಲಗಿ, ತಲೆಯನ್ನು ಎತ್ತದೆ, "ಹಾಕ್ರಿ ಬಾಯಿಗೆ" ಎಂದರು. ಹಾಕಿದೆ. ಅರ್ಧ ಮೂಗಿಗೆ, ಅರ್ಧ ಕಿವಿಗೆ ಹೋಯಿತು. ಕೆಮ್ಮಿ ಕೆಮ್ಮಿ ಕಣ್ಣು ಕೆಂಪಗೆ ಮಾಡಿಕೊಂಡು ಕೇಳಿದರು: "ಹೊಲಿಗಿ ಹಾಕಿದ ಕಣ್ಣು ಇದ್ದಿದ್ರ ಈ ಕೆಮ್ಮಿಗೆ ಏನಾಗ್ತಿತ್ತು?" ಮರುದಿನ ಓಣಿಯ ಪೂಜಾರಿಗಳ ಮನೆ ಮನೆಗೆ ತಿರುಗಿ, ದೇವರಿಗೆ ನೀರೆರೆಯುವ ಕೊಳವೆಯ ಗಿಂಡಿಗಳನ್ನು ನಾನು ಬೇಡಿ ತಂದೆ. ಗಿಂಡಿಯ ಕೊಳವೆಯಿಂದ ರೋಗಿಗಳು ಮಲಗಿದಲ್ಲಿಯೇ ಹನಿ ಚೆಲ್ಲದಂತೆ ಗಂಜಿ ಕುಡಿದರು. ಆ ವಾರ ನಮ್ಮ ಓಣಿಯ ದೇವರುಗಳೆಲ್ಲ ಚೊಂಬಿನಿಂದ ಅಭಿಷೇಕ ಮಾಡಿಸಿಕೊಂಡರು.

ಇನ್ನು ಹಿರೇವಡ್ಡಟ್ಟಿ ಶಿಬಿರದ ಎತ್ತಿನ ಕಥೆ. ಹಗ್ಗದ ಕೊನೆಯ ಗೂಟವನ್ನು ನಾವು ಭದ್ರವಾಗಿ ಬಡಿದು ಊಟಕ್ಕೆ ಹೋಗಿದ್ದೆವು. ಬಯಲಲ್ಲಿ ಗಟ್ಟಿ ಗೂಟ ಕಂಡರೆ ಒಕ್ಕಲಿಗನೊಬ್ಬನಿಗೆ ಏನು ಹೊಳೆಯಬೇಕೋ ಅದೇ ಹೊಳೆದಿದೆ, ತನ್ನ ಎತ್ತನ್ನು ತಂದು ಕಟ್ಟಿ ಹೋಗಿದ್ದಾನೆ. ಇತ್ತ ಮಾವ ಕಣ್ಣು ಕಟ್ಟಿಕೊಂಡು ಹಗ್ಗ ಹಿಡಿದು ಹೊರಟರು. ಎತ್ತು ಒಮ್ಮೆ ಕೊಸರಿತು, ಗೂಟ ಕಿತ್ತು ಬಂತು. ಎತ್ತು ಮುಂದೆ, ಗೂಟ ಅದರ ಹಿಂದೆ, ಹಗ್ಗ ಗೂಟದ ಹಿಂದೆ, ಹಗ್ಗದ ಹಿಂದೆ ನಮ್ಮ ಅಧ್ಯಕ್ಷರು! "ಮಾಮಾ, ಹಗ್ಗಾ ಬಿಡ್ರಿ!" ಎಂದು ನಾನು ಕಿರುಚಿದೆ. ಹಗ್ಗ ಬಿಡಬಾರದೆಂದು ರೋಗಿಗಳಿಗೆ ಹೇಳಿಕೊಡುತ್ತಿದ್ದವರು ತಾವೇ ಹೇಗೆ ಬಿಡುತ್ತಾರೆ? ಜೋಳದ ಹೊಲದ ಬದುವಿನವರೆಗೆ ಹೋಗಿ, ಎತ್ತು ಮೇಯಲು ನಿಂತ ಮೇಲೆ ನಿಂತರು. ನಾವು ಏದುಸಿರು ಬಿಡುತ್ತ ತಲುಪಿದಾಗ ವಲ್ಲಿಯನ್ನು ಸರಿಮಾಡಿಕೊಳ್ಳುತ್ತ ಹೇಳಿದರು: "ಪಾಯಖಾನೆ ಭಾಳ ದೂರ ಮಾಡೀರಿ ಕಾರ್ಯದರ್ಶಿಗಳೇ."

ನಗುವುದು ಸುಲಭ. ಆದರೆ ನೀವೇ ಹೇಳಿ, ಹಗಲೆಲ್ಲ ಕಚೇರಿಯಲ್ಲಿ ಸಾಹೇಬರ ಮಾತು ಕೇಳಿ, ರಜೆಯಲ್ಲಿ ಪುಕ್ಕಟೆ ಸೇವೆಗೆಂದು ಬಂದವನನ್ನು ಹೀಗೆ ಹೆಜ್ಜೆ ಹೆಜ್ಜೆಗೂ ತಪಾಸಿಸಿದರೆ ಹೇಗಾಗಬೇಡ? ನನಗೆ ಹಾರ ಬೇಡವಾಗಿತ್ತು, ಶಾಲು ಬೇಡವಾಗಿತ್ತು. ಒಂದೇ ಒಂದು ಸಲ, ಪರೀಕ್ಷೆ ಮಾಡದೆ, "ಆತು, ನೀ ಮಾಡೀಯಲ್ಲ, ಸಾಕು" ಎಂದು ಅವರು ಅನ್ನಬೇಕಿತ್ತು. ಅಷ್ಟೇ ನನ್ನ ಆಸೆ. ಒಮ್ಮೆ ಮುಂಡರಗಿಯ ಶಿಬಿರಕ್ಕೆ ಅವರಿಗೆ ತಪ್ಪು ದಿನ ಹೇಳಿ ನಸುಕಿನ ಬಸ್ಸಿಗೆ ಹೋದೆ. ಇಳಿದು ನೋಡಿದರೆ ಶಾಲೆಯ ಅಂಗಳದಲ್ಲಿ ಮೈತುಂಬ ಶೇಂಗಾ ಹೊಟ್ಟು ಮೆತ್ತಿಕೊಂಡ ವ್ಯಕ್ತಿಯೊಂದು ಕಣ್ಣು ಕಟ್ಟಿಕೊಂಡು ನಿಂತಿದೆ. ಲಾರಿಯಲ್ಲಿ ಶೇಂಗಾ ಚೀಲಗಳ ಮೇಲೆ ಕೂತು ನನಗಿಂತ ಮೊದಲು ಬಂದಿದ್ದರು!

ಅಂದು ನನ್ನ ಪಿತ್ತ ನೆತ್ತಿಗೇರಿತು. ಸ್ವಯಂಸೇವಕರೆಲ್ಲರ ಎದುರಿಗೇ ಹೇಳಿದೆ: "ನನ್ನ ಮ್ಯಾಲ ನಂಬಿಕಿ ಇಲ್ಲಂದ್ರ ನಾ ಯಾಕ ಇರಬೇಕ್ರಿ? ಬ್ಯಾರೆಯವರನ್ನ ಕಾರ್ಯದರ್ಶಿ ಮಾಡ್ಕೊರಿ. ನಾ ಬಿಟ್ಟೆ!"

ಅವರು ವಲ್ಲಿಯನ್ನು ಬಿಚ್ಚಲೂ ಇಲ್ಲ. "ಆತು. ಹಗ್ಗಾ ಕಟ್ಟಿ ಆಮ್ಯಾಲ ಬಿಡ್ರಿ" ಎಂದರು.

ಹಗ್ಗ ಕಟ್ಟಿದೆ. ಕಟ್ಟಿದ ಮೇಲೆ ರೋಗಿಗಳು ಬಂದರು. ರೋಗಿಗಳು ಬಂದ ಮೇಲೆ ಬಿಡುವುದೆಲ್ಲಿ? ಹಾಗೆಯೇ ವರ್ಷಗಳು ಉರುಳಿದವು, ನನ್ನ ರಾಜೀನಾಮೆ ಬಾಯಲ್ಲಿಯೇ ಉಳಿಯಿತು.

ಎಂಬತ್ತರ ದಶಕದ ನಡುವೆ ಲಕ್ಷ್ಮೇಶ್ವರದಲ್ಲಿ ಶಿಬಿರವಾಯಿತು. ಅಷ್ಟು ಹೊತ್ತಿಗೆ ಮಾವನ ಕಣ್ಣಿಗೇ ಪೊರೆ ಬಂದಿತ್ತು. ದೊಡ್ಡ ಆಸ್ಪತ್ರೆಗೆ ಹೋಗೋಣವೆಂದರೆ ಕೇಳಲಿಲ್ಲ. "ಮಂದಿಗೆ ಇಲ್ಲಿ ಬರ್ರಿ ಅಂತೀನಿ, ನಾ ಮತ್ತೊಂದ ಕಡೆ ಹೋಗ್ಲೇನು?" ಎಂದು ಎಲ್ಲರ ಜೊತೆ ಪಾಳಿಯಲ್ಲಿ ನಿಂತರು. ಅವರು ಕೇಳಿದ್ದು ಒಂದೇ: ಬಾಗಿಲ ಪಕ್ಕದ ಹಾಸಿಗೆ ಬೇಕೆಂದು. ಗಾಳಿಗಿರಬೇಕೆಂದುಕೊಂಡೆ.

ಹಳೆಯ ಕಟ್ಟಡ, ಎತ್ತರದ ಹೊಸ್ತಿಲು. ಹಗ್ಗ ಕಟ್ಟಿ, ಹಾಸಿಗೆ ಹಾಸಿ, ಗಿಂಡಿ ತೊಳೆದಿಟ್ಟು, ಎಂದಿನಂತೆ ಪರೀಕ್ಷೆಗೆ ಸಿದ್ಧನಾಗಿ ಅವರ ಮುಂದೆ ನಿಂತೆ. ಅವರು ಅಂಗಿ ಬಿಚ್ಚಿ, ಆಪರೇಶನ್ನಿಗೆ ಕರೆಯುವುದನ್ನೇ ಕಾಯುತ್ತ ಕೂತಿದ್ದರು.

"ಹಗ್ಗಾ ಕಟ್ಟೇವ್ರಿ. ನೋಡ್ತೀರೇನು?"

"ನೀವು ನೋಡೀರಲ್ಲ?"

"ನೋಡೀನಿ."

"ಮತ್ತ? ಆತಲ್ಲ. ನೀವು ಮಾಡೀರಿ, ಸಾಕು."

ಕೆಂಪು ಅಂಚಿನ ವಲ್ಲಿಯನ್ನು ಮಡಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅಷ್ಟು ವರ್ಷ ಕಾದ ಮಾತು! ಕುಣಿಯಬೇಕಿತ್ತಲ್ಲವೇ ನಾನು? ನನಗೆ ಹೆದರಿಕೆ ಹತ್ತಿತು. ಅವರು ನೋಡುತ್ತಾರೆಂಬ ಧೈರ್ಯದ ಮೇಲೆಯೇ ನಾನು ಇಷ್ಟು ದಿನ ಎಲ್ಲವನ್ನೂ ಮಾಡುತ್ತ ಬಂದಿದ್ದೆನೆಂದು ಆಗ ತಿಳಿಯಿತು. ಈಗ ನನ್ನ ಹಿಂದೆ ನೋಡುವವರು ಯಾರೂ ಇಲ್ಲ. ನಾಳೆ ನಾಡಿದ್ದು ಇದೇ ಹಗ್ಗವನ್ನು ಹಿಡಿದು ನಡೆಯುವವರಲ್ಲಿ ಅವರೂ ಒಬ್ಬರು.

ಆಪರೇಶನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅವರನ್ನು ಬಾಗಿಲ ಪಕ್ಕದಲ್ಲಿ ಮಲಗಿಸಿದರು. ಮಧ್ಯಾಹ್ನ ಎಲ್ಲರೂ ಊಟದಲ್ಲಿದ್ದಾಗ ನಾನು ಹಿತ್ತಲಿಗೆ ಹೋಗಿ, ಆಚೀಚೆ ನೋಡಿ, ಅವರದೇ ವಲ್ಲಿಯನ್ನು ನನ್ನ ಕಣ್ಣಿಗೆ ಬಿಗಿದುಕೊಂಡೆ. ಜೀವನದಲ್ಲಿ ಅದೇ ಮೊದಲು! ಹಗ್ಗ ಹಿಡಿದು ಹೊರಟೆ. ನಾನೇ ನೆಟ್ಟ ಗೂಟಗಳು ನನಗೇ ಗುರುತು ಹತ್ತಲಿಲ್ಲ. ದಿನಕ್ಕೆ ಹತ್ತಾರು ಸಲ ಓಡಾಡಿದ ಹಿತ್ತಲು ಊರಾಚೆಯ ಬಯಲಿನಷ್ಟು ದೊಡ್ಡದಾಯಿತು. ಆ ಮುದುಕ ಮುದುಕಿಯರು ಎಷ್ಟು ನಂಬಿ ನಡೆದಿದ್ದರು! ಬಾಗಿಲು ಹತ್ತಿರ ಬಂದಿರಬೇಕು, ಒಳಗಿನ ಔಷಧದ ವಾಸನೆ ಬರುತ್ತಿತ್ತು. ಗಂಟಿಗಾಗಿ ಕೈಯಾಡಿಸಿದೆ. ಮುಂದೆ ಸವರಿದೆ, ಹಿಂದೆ ಸವರಿದೆ. ಗಂಟು ಸಿಗಲೊಲ್ಲದು. ದಾಟಿ ಬಂದೆನೋ, ಇನ್ನೂ ಮುಂದಿದೆಯೋ? ಕಾಲು ಮುಂದಿಡಲೂ ಭಯ, ಹಿಂದಿಡಲೂ ಭಯ.

ಆಗ ಒಳಗಿನಿಂದ, ನೆಲಮಟ್ಟದಿಂದ, ಸಣ್ಣ ದನಿ ಬಂತು.

"ಹೊಸ್ತಿಲಾ ಬಂತಲೇ. ಕಾಲು ಎತ್ತಿಡು."

ತಲೆ ಅಲುಗಿಸಬಾರದೆಂದು ಕೂಗುವಂತಿರಲಿಲ್ಲ ಅವರು. ಕಣ್ಣು ಕಟ್ಟಿಕೊಂಡ ನನ್ನನ್ನು, ಹೆಜ್ಜೆಯ ಸಪ್ಪಳದಿಂದಲೇ, ಕಣ್ಣು ಕಟ್ಟಿಕೊಂಡೇ ನೋಡುತ್ತಿದ್ದರು. ಬಾಗಿಲ ಪಕ್ಕದ ಹಾಸಿಗೆ ಅವರಿಗೆ ಗಾಳಿಗಾಗಿ ಬೇಕಾಗಿರಲಿಲ್ಲ.

"ಮಾಮಾ..." ಎಂದೆ. ಇಲ್ಲಿ ನಾ ಮಾಮಾ ಅಲ್ಲ ಎಂದು ಅವರು ಅನ್ನಲಿಲ್ಲ.

"ಗಂಟು ಸಿಗಲಿಲ್ಲೇನು?"

"ಇಲ್ಲ ಮಾಮಾ. ಹಾಕೂದ ಮರತೀನಿ."

"ಹಾಕು. ನಾ ಎಷ್ಟ ದಿನಾ ಅಂತ ಕೂಗ್ಲಿ?"

ಅಲ್ಲಿಯೇ ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತು, ಒಂದು ಗೇಣು ಅಳೆದು, ಹಗ್ಗ ಸಡಿಲಿಸಿ ಗಂಟು ಹಾಕಿದೆ. ಕಣ್ಣಿನ ವಲ್ಲಿಯನ್ನು ಮಾತ್ರ ಬಿಚ್ಚಲಿಲ್ಲ. ಅದು ತೊಯ್ದು ಹೋಗಿತ್ತು, ಊಟ ಮುಗಿಸಿದ ಸ್ವಯಂಸೇವಕ ಹುಡುಗರು ಒಬ್ಬೊಬ್ಬರೇ ಹಿತ್ತಲಿಗೆ ಬರುತ್ತಿದ್ದರು.