ಪತ್ತೇದಾರ ಸಂಶಿಯಲ್ಲಿ ಬಸ್ಸಿಳಿದದ್ದು

ನನ್ನ ಕೈ ದಾಟದೆ ನಮ್ಮೂರಿನಿಂದ ಒಂದು ಕಾಗದ ಹೊರಗೆ ಹೋಗುವುದಿಲ್ಲ, ಒಂದು ಕಾಗದ ಒಳಗೆ ಬರುವುದಿಲ್ಲ. ಇದು ಜಂಬವಲ್ಲ, ಸರಕಾರದ ವ್ಯವಸ್ಥೆ. ಸಂಶಿಯಿಂದ ಐದಾರು ಕಿಲೋಮೀಟರ್ ಆಚೆಗಿರುವ ನಮ್ಮ ಹಳ್ಳಿಯ ಅಂಚೆ ಕಚೇರಿ ನಮ್ಮ ಮನೆಯ ಪಡಸಾಲೆಯಲ್ಲೇ ಇದೆ. ಅದರ ಪೋಸ್ಟ್ ಮಾಸ್ತರ ಶಂಭುಲಿಂಗಪ್ಪ, ಅಂದರೆ ನಾನು. ಇಂಥ ನಾನು ಎಪ್ಪತ್ಮೂರನೆಯ ಇಸವಿಯ ದೀಪಾವಳಿ ಪಾಡ್ಯದಂದು, ಹೊಸ ಧೋತರ ಉಟ್ಟ ಹುರುಪಿನಲ್ಲಿ, ಭೀಷ್ಮ ಪ್ರತಿಜ್ಞೆಯೊಂದನ್ನು ಮಾಡಿದೆ. ಈ ಊರಿಗೆ ಸಾಹಿತ್ಯದ ರುಚಿ ಹತ್ತಿಸಿಯೇ ತೀರುತ್ತೇನೆ!

ರುಚಿ ಹತ್ತಿಸುವುದು ಕಷ್ಟವಾಗಲಿಲ್ಲ. ಹುಬ್ಬಳ್ಳಿಯಿಂದ ಒಂದು ವಾರಪತ್ರಿಕೆ ತರಿಸಿ, ರವಿವಾರ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕೂತು ಅದರ ಧಾರಾವಾಹಿಯನ್ನು ಗಟ್ಟಿಯಾಗಿ ಓದತೊಡಗಿದೆ. ಅದರ ಹೆಸರು 'ಏಳನೆಯ ಕೀಲಿಕೈ'. ಬರೆಯುತ್ತಿದ್ದವರು ಮುರಗೋಡಕರ ಎಂಬ ಕಾದಂಬರಿಕಾರರು. ಮುಂಬಯಿಯ ಪತ್ತೇದಾರ ವಸಂತರಾವ, ಸದಾ ಅಪಾಯದಲ್ಲಿರುವ ಸುಲೋಚನಾ. ಇವರಿಬ್ಬರ ಹುಚ್ಚು ಊರಿಗೆ ಹೇಗೆ ಹಿಡಿಯಿತೆಂದರೆ, ಸುಲೋಚನಾ ಮಹಡಿಯಿಂದ ಜಾರಿದ ವಾರ ಬಾಜೂಮನೆಯ ಸಣ್ಣವ್ವ ಒಂದು ಹೊತ್ತು ಊಟ ಬಿಟ್ಟಳು. ನನ್ನ ಹೆಂಡತಿ ನೀಲಕ್ಕ ಬಾಗಿಲ ಹಿಂದೆ ಕೂತು ಕೇಳುತ್ತಿದ್ದಳು. ಮಂದಿ ಎದ್ದುಹೋದ ಮೇಲೆ ಪತ್ರಿಕೆ ತೆಗೆದುಕೊಂಡು ತಾನೇ ಇನ್ನೊಮ್ಮೆ ಓದುತ್ತಿದ್ದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಆ ವಿದ್ಯೆ ಕಿರಾಣಿ ಚೀಟಿ ಬರೆಯುವುದಕ್ಕೆ ಸಾಕು ಎಂದುಕೊಂಡಿದ್ದೆ.

ಇಪ್ಪತ್ತೊಂದು ಕಂತು ಸುಸೂತ್ರವಾಗಿ ಮುಗಿದವು. ಇಪ್ಪತ್ತೆರಡನೆಯದು ಬಂದ ದಿನ ನೀಲಕ್ಕ ಅಣ್ಣಿಗೇರಿಯ ತಮ್ಮನಿಗೆ ಕಳಿಸಲು ಶೇಂಗಾ ಹೋಳಿಗೆ ಮಾಡಿದ್ದಳು. ಕಟ್ಟಲು ಹೋದವಳನ್ನು ಪಕ್ಕಕ್ಕೆ ಸರಿಸಿದೆ. ಪಾರ್ಸೆಲ್ ಕಟ್ಟುವುದು ನಮ್ಮ ಇಲಾಖೆಯ ಕೆಲಸ! ಹೋಳಿಗೆ ಒಂದಕ್ಕೊಂದು ಅಂಟದಂತೆ ನಡುನಡುವೆ ಕಾಗದ ಹಾಕಿ, ದಾರ ಬಿಗಿದು, ಬಸ್ಸಿಗೆ ಹೋಗುವವರ ಕೈಯಲ್ಲಿ ಕೊಟ್ಟೆ. ಮರುದಿನ ಕಟ್ಟೆಯ ಮೇಲೆ ನಲವತ್ತು ಜನರ ಎದುರಿಗೆ ಪತ್ರಿಕೆ ಬಿಚ್ಚಿದಾಗ ಗೊತ್ತಾಯಿತು, ಸುಲೋಚನಾ ಹೋಳಿಗೆಯ ಜೊತೆ ಅಣ್ಣಿಗೇರಿಗೆ ಹೋಗಿದ್ದಾಳೆ.

ಪೋಸ್ಟ್ ಮಾಸ್ತರನೇ ಕಾಗದ ಕಳೆದನೆಂದರೆ ಊರು ಇನ್ನು ಯಾರನ್ನು ನಂಬಬೇಕು? ಇಪ್ಪತ್ತು ವರ್ಷದ ಮರ್ಯಾದೆಯ ಪ್ರಶ್ನೆ. ಕೈಗೆ ಬಂದ ಪುಟ ಹಿಡಿದೆ. ಹತ್ತಿ ಬೆಳೆಗೆ ಔಷಧ ಹೊಡೆಯುವ ಜಾಹೀರಾತು ಅದು. ಅದನ್ನೇ ನೋಡುತ್ತಾ ಗಂಭೀರವಾಗಿ ಓದಿದೆ. ಕೀಲಿಕೈ ಹುಡುಕುತ್ತಾ ವಸಂತರಾವ ಸಂಶಿಯಲ್ಲಿ ಬಸ್ಸಿಳಿದ. ಸಂತೆಯಲ್ಲಿ ನಿಂತು ಎರಡು ಮಿರ್ಚಿ ಭಜಿ ತಿಂದ. ನಮ್ಮೂರ ಹಾದಿ ಯಾವುದೆಂದು ಕೇಳಿದ.

ನಲವತ್ತು ಎಕರೆಯ ಧಣಿ ಕುಬೇರಪ್ಪ ಕಣ್ಣೊರೆಸಿಕೊಂಡು, "ಇಷ್ಟ ದಿವಸ ಈ ಮನಷ್ಯಾ ಇತ್ತಾಗ ಯಾಕ ಬರಲಿಲ್ಲರಿ, ಮಾಸ್ತರ?" ಎಂದ.

ಮುಂದಿನ ವಾರದ ಪತ್ರಿಕೆಯಲ್ಲಿ ವಸಂತರಾವ ಮುಂಬಯಿ ಬಂದರಿನಲ್ಲಿ ಹಡಗು ಹತ್ತುತ್ತಿದ್ದ. ನಮ್ಮೂರಿನವರು ಅವನನ್ನು ಬಿಟ್ಟುಕೊಡುವ ಸ್ಥಿತಿಯಲ್ಲಿರಲಿಲ್ಲ. ನಿಜವಾದ ಕಂತುಗಳನ್ನೆಲ್ಲ ಸ್ಟಾಂಪಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ವಾರವಾರ ನನ್ನದೇ ಕಥೆ ಕಟ್ಟಿ ಓದತೊಡಗಿದೆ. ನೀಲಕ್ಕ ಎರಡು ಸಲ ಪತ್ರಿಕೆ ಕೇಳಿದಳು. ಅದು ಸರಕಾರಿ ಪೆಟ್ಟಿಗೆ, ಮನೆಯವರು ಮುಟ್ಟುವ ಹಾಗಿಲ್ಲ ಎಂದು ಕಾನೂನು ಹೇಳಿದೆ. ಮೂರನೆಯ ಸಲ ಆಕೆ ಕೇಳಲಿಲ್ಲ. ಅಲ್ಲೇ ನಾನು ಎಚ್ಚರಾಗಬೇಕಿತ್ತು.

ಎಚ್ಚರಾಗಲು ಪುರುಸೊತ್ತೆಲ್ಲಿ? ಆಗಲೇ ಗಿರಾಕಿಗಳು ಶುರುವಾಗಿದ್ದರು. ತನ್ನ ಕರಿ ಎತ್ತಿನ ಜೋಡಿ ಕಥೆಯಲ್ಲಿ ಕಳ್ಳರನ್ನು ಅಟ್ಟಿಸಿಕೊಂಡು ಹೋಗಬೇಕೆಂದು ಕುಬೇರಪ್ಪ ಒಂದು ಬುಟ್ಟಿ ಒಣ ಮೆಣಸಿನಕಾಯಿ ಕಳಿಸಿದ. ಎತ್ತುಗಳು ಓಡಿದವು. ಬುಟ್ಟಿಯನ್ನು ಟಪಾಲು ಚೀಲದ ಕೆಳಗೆ ಬಚ್ಚಿಟ್ಟೆ. ಸಣ್ಣವ್ವ ಒಂದು ಗಡಿಗೆ ಮೊಸರು ತಂದು, ಸುಲೋಚನಾಳ ಅತ್ತೆಗೆ ಚೇಳು ಕಡಿಸಬೇಕೆಂದಳು. ಹುಡುಗಿಗೆ ಇನ್ನೂ ಮದುವೆಯೇ ಆಗಿಲ್ಲವಲ್ಲ ಎಂದೆ.

"ಹಂಗಾರ ಲಗೂನ ಮದುವಿ ಮಾಡಿಬಿಡ್ರಿ. ಆಮ್ಯಾಲ ಕಡಸ್ರಿ" ಎಂದಳು.

ಮದುವೆಯ ಕಂತು ಓದಿದ ಮರುದಿನ ರಿಜಿಸ್ಟರ್ಡ್ ಪತ್ರವೊಂದು ಬಂತು. ವಿಳಾಸದಾರ ನಾನೇ. ಪೋಸ್ಟ್ ಮಾಸ್ತರನಾದ ನಾನು ವಿಳಾಸದಾರನಾದ ನನ್ನನ್ನು ಗುರುತಿಸಿ, ಸಹಿ ಪಡೆದು, ಲಕೋಟೆಯನ್ನು ನನಗೆ ಕೊಟ್ಟೆ. ಬರೆದವರು ಸಾಕ್ಷಾತ್ ಮುರಗೋಡಕರರು.

ಅಭಿಮಾನದಿಂದ ಕಥೆ ಕಟ್ಟುವವರನ್ನು ತಾವು ತಡೆಯುವುದಿಲ್ಲ, ಆದರೆ ಕಥೆ ತಮ್ಮದು, ಕಾಯಿದೆಯೂ ಹಾಗೆಯೇ ಹೇಳುತ್ತದೆ ಎಂದು ಶುರು. ಆಮೇಲೆ ಷರತ್ತುಗಳು. ಮೊದಲು ತಮ್ಮ ಕಂತನ್ನು ಅಕ್ಷರ ಬಿಡದೆ ಓದಬೇಕು. ನನ್ನದನ್ನು ಹೇಳುವುದಿದ್ದರೆ ಇದು ನನ್ನದು, ಅವರದಲ್ಲ ಎಂದು ಸಾರಿಯೇ ಹೇಳಬೇಕು. ಯಾರಾದರೂ ಇಂಥದ್ದು ಕಟ್ಟಿಕೊಡು ಎಂದರೆ ಅವರನ್ನು ತಮ್ಮ ಹತ್ತಿರ ಕೇಳಲು ಕಳಿಸಬೇಕು. ಪ್ರತಿಫಲ ಪಡೆಯಕೂಡದು. ರೂಪಾಯಿ ಬೇಡ, ಮೊಸರು ಬೇಡ, ಟಪಾಲು ಚೀಲದ ಕೆಳಗಿನ ಮೆಣಸಿನಕಾಯಿಯೂ ಬೇಡ.

ಟಪಾಲು ಚೀಲದ ಕೆಳಗಿನದು ಎಂದು ಹುಬ್ಬಳ್ಳಿಯಲ್ಲಿ ಕೂತವರಿಗೆ ಹೇಗೆ ತಿಳಿಯಿತು? ಪತ್ತೇದಾರಿ ಬರೆಯುವವರಲ್ಲವೇ, ತಿಳಿದಿರುತ್ತದೆ ಎಂದುಕೊಂಡೆ.

ರವಿವಾರ ಕಟ್ಟೆಯ ಮೇಲೆ ನಿಂತು ತಪ್ಪೊಪ್ಪಿಕೊಂಡೆ. ನನಗೆ ಅಳುವೇ ಬಂದಿತ್ತು. ಜನರಿಗೆ ಬಂದದ್ದು ಸಿಟ್ಟು, ಅದೂ ಮುರಗೋಡಕರರ ಮೇಲೆ. ಎತ್ತುಗಳು ಕಥೆಯಿಂದ ಹೊರಬಿದ್ದ ಮೇಲೆ ಕುಬೇರಪ್ಪ ಮೆಣಸಿನಕಾಯಿ ಬುಟ್ಟಿ ವಾಪಸು ಒಯ್ದ. ಸಣ್ಣವ್ವನ ಮೊಸರು ಮಾತ್ರ ಆಗಲೇ ಮುಗಿದಿತ್ತು. ಪೆಟ್ಟಿಗೆಯ ಬೀಗ ತೆಗೆದು ಹಳೆಯ ಕಂತುಗಳನ್ನೆಲ್ಲ ಓದಿದೆ. ಬಾಗಿಲ ಹಿಂದಿನಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

ಮುಂದಿನ ವಾರಗಳಲ್ಲಿ ಷರತ್ತಿನಂತೆ ಅಕ್ಷರ ಬಿಡದೆ ಓದಿದೆ. ಮೂವತ್ತನೆಯ ಕಂತಿನಲ್ಲಿ ಹೊಸ ಪಾತ್ರವೊಂದು ಬಂತು. ಒಬ್ಬ ಹಳ್ಳಿಯ ಪೋಸ್ಟ್ ಮಾಸ್ತರ. ಕನ್ನಡಕದ ಮುರಿದ ಕಡ್ಡಿಗೆ ನೂಲು ಸುತ್ತಿಕೊಂಡವನು. ಲಂಚದ ಮೆಣಸಿನಕಾಯಿ ಬಚ್ಚಿಡುವವನು. ಮಲಗಿದರೆ ಗಿರಣಿ ಶುರುವಾದಂತೆ ಗೊರಕೆ ಹೊಡೆಯುವವನು, ನಡುವೆ ಎರಡು ಸಲ ಸೀಟಿ ಹಾಕುವವನು. ನೂಲು ಸುತ್ತಿದ ಕನ್ನಡಕ ಸರಿಮಾಡಿಕೊಳ್ಳುತ್ತಾ ಇದನ್ನೆಲ್ಲ ನಾನೇ ಗಟ್ಟಿಯಾಗಿ ಓದಬೇಕಾಯಿತು. ಕುಬೇರಪ್ಪ ನಕ್ಕು ನಕ್ಕು ಕಟ್ಟೆಯಿಂದ ಕೆಳಗೆ ಜಾರಿದ. ಸೀಟಿಯ ಭಾಗ ಇನ್ನೊಮ್ಮೆ ಓದಿರೆಂದು ಸಣ್ಣವ್ವ ಕೇಳಿದಳು.

ಬೆಂಕಿಯಾಗಿ ಅಡುಗೆಮನೆಗೆ ನುಗ್ಗಿದೆ. ಕನ್ನಡಕ ನನ್ನದು, ಗೊರಕೆ ನನ್ನದು, ಒಂದು ಮಾತು ಕೇಳದೆ ಕಥೆಗೆ ಹಾಕುವುದೆಂದರೇನು, ನಾಳೆಯೇ ನೋಟೀಸು ಕಳಿಸುತ್ತೇನೆ ಎಂದು ಕೂಗಾಡಿದೆ.

ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವರು ಕೇಳ್ಯಾರ್ರಿ. ನಾ ಒಪ್ಪಿಗಿ ಕೊಟ್ಟೇನಿ" ಎಂದಳು.

ಬುಟ್ಟಿ, ಮೊಸರು ಎಲ್ಲ ಮುರಗೋಡಕರರಿಗೆ ತಾನೇ ಬರೆದು ತಿಳಿಸಿದ್ದಳಂತೆ. ಆ ಪತ್ರವನ್ನು ಸಂಶಿಯಿಂದ ಬರುವ ಬಳೆಗಾರ್ತಿ ಶಮೀಮಾಬಿ ಅಲ್ಲಿಯ ಅಂಚೆ ಡಬ್ಬಿಗೆ ಹಾಕಿದ್ದಳಂತೆ. ಉತ್ತರವೂ ಶಮೀಮಾಬಿಯ ವಿಳಾಸಕ್ಕೇ ಬರುತ್ತಿತ್ತಂತೆ. "ಐದು ವಾರ ಖರೇ ಕತಿ ಬೀಗದಾಗ ಇಟ್ಟಿದ್ರಿ. ಆ ಹುಡುಗಿ ಸತ್ತಾಳೋ ಬದುಕ್ಯಾಳೋ ಅಂತ ನನಗ ಊಟ ಸೇರತಿರಲಿಲ್ಲ. ಮತ್ಯಾರನ್ನ ಕೇಳ್ಲಿ?"

ಆದರೂ ಗಂಡಸಿನ ಹಟ. "ಅದೆಲ್ಲಾ ಇರಲಿ. ನನ್ನ ಗೊರಕಿಗೆ ನೀ ಹೆಂಗ ಒಪ್ಪಿಗಿ ಕೊಟ್ಟಿ?" ಎಂದೆ.

ನೀಲಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ನಿಮ್ಮ ಗೊರಕಿ ನೀವು ಒಂದ ದಿವಸರ ಕೇಳೀರೇನ್ರಿ? ಹದಿನೆಂಟು ವರ್ಷ ಕೇಳಿದಾಕಿ ನಾ. ಅದರ ಹಕ್ಕು ನಂದು."